ಯಾರ್ಡಿನಲ್ಲಿಲ್ಲದ ಕಾರಿಗೆ ಚೌಕಾಸಿ: ನನ್ನ ಅನುಭವ

ನಾನು ಮೈಸೂರಿನಿಂದ ಚಾಮರಾಜನಗರಕ್ಕೆ ಕೆಲಸಕ್ಕಾಗಿ ದಿನವೂ ಹೋಗಿಬರುವವನು. ಎರಡೂ ದಿಕ್ಕು ಸೇರಿ ಸುಮಾರು 120 ಕಿಲೋಮೀಟರ್. ಅದಕ್ಕೆಂದು ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟಿದ್ದೆ. ರಾತ್ರಿ ಒಂಬತ್ತಕ್ಕೆ ಮನೆ ಸೇರಿ ಬೆಳಗ್ಗೆ ಆರಕ್ಕೆ ಹೊರಡುವ ನನಗೆ, 40 ಯೂನಿಟ್ ಹಿಡಿಯುವ ಬ್ಯಾಟರಿಯ ಅರ್ಧ ಭಾಗವನ್ನು ತುಂಬಲು 3.3 ಕಿಲೋವ್ಯಾಟ್ ಚಾರ್ಜರ್ ಆರೇಳು ಗಂಟೆ ತೆಗೆದುಕೊಳ್ಳುತ್ತದೆ ಎಂಬುದೇ ದೊಡ್ಡ ಚಿಂತೆಯಾಗಿತ್ತು. ನಡುವೆ ಕರೆಂಟು ಹೋದರೆ ಮರುದಿನದ ಪ್ರಯಾಣವೇ ಅನುಮಾನ. 7.2 ಕಿಲೋವ್ಯಾಟ್ ಚಾರ್ಜರ್ ಇರುವ ಮಾದರಿಯಾದರೆ ಮೂರು ಗಂಟೆ ಸಾಕು. ಆದರೆ ಆ ಮಾದರಿ ನಮ್ಮ ಊರಿನ ಯಾವ ಷೋರೂಮಿನಲ್ಲೂ ಸಿದ್ಧವಾಗಿರಲಿಲ್ಲ, ಕಂಪನಿಗೆ ಆರ್ಡರ್ ಕಳುಹಿಸಿಯೇ ತರಿಸಬೇಕಿತ್ತು. ಕಾರಿನ ಹೆಸರು ಹೇಳಿದರೆ ಷೋರೂಮ್ ಯಾವುದೆಂದು ಊರಿನವರಿಗೆ ತಿಳಿದುಬಿಡುತ್ತದೆಯಾದ್ದರಿಂದ ಅದನ್ನು ಬರೆಯುತ್ತಿಲ್ಲ.

ನಾನು ಮಾತುಕತೆ ಆರಂಭಿಸಿದ್ದು 2024ರ ಜುಲೈ ಎರಡನೇ ವಾರದಲ್ಲಿ. ಆಷಾಢ ಆಗತಾನೇ ಹಿಡಿದಿತ್ತು. ಆಷಾಢದಲ್ಲಿ ನಮ್ಮ ಕಡೆ ಹೊಸ ವಾಹನ ಮನೆಗೆ ತರುವವರು ಕಡಿಮೆ. ಶ್ರಾವಣ ಬಂದು ವರಮಹಾಲಕ್ಷ್ಮಿ ಹಬ್ಬ ಹತ್ತಿರವಾದರೆ ಅದೇ ಷೋರೂಮಿನಲ್ಲಿ ಕುರ್ಚಿ ಸಿಗುವುದೂ ಕಷ್ಟ. ಆರ್ಡರ್ ಕಾರು ಬರಲು ಹೇಗೂ ಆರೇಳು ವಾರ ಬೇಕು, ಆದ್ದರಿಂದ ಆಷಾಢದಲ್ಲಿ ಬುಕ್ ಮಾಡಿ ಗೌರಿ ಗಣೇಶ ಹಬ್ಬದ ಹೊತ್ತಿಗೆ ತರುವುದೆಂದು ಮನೆಯಲ್ಲಿ ಮೊದಲೇ ಒಪ್ಪಿಸಿಕೊಂಡಿದ್ದೆ.

ಮೊದಲ ದಿನ ಕೈಗೆ ಬಂದ ಕೊಟೇಷನ್ ಹೀಗಿತ್ತು: ಷೋರೂಮ್ ಬೆಲೆ 16,49,000 ರೂಪಾಯಿ, ಟಿಸಿಎಸ್ (ಮಾರುವಾಗಲೇ ಡೀಲರ್ ವಸೂಲು ಮಾಡುವ ಆದಾಯ ತೆರಿಗೆ) 16,490, ವಿಮೆ 78,400, ‘ನೋಂದಣಿ ಮತ್ತು ಇತರೆ’ 14,500, ಹ್ಯಾಂಡ್ಲಿಂಗ್ ಚಾರ್ಜ್ 8,500, ಆಕ್ಸೆಸರಿ ಕಿಟ್ 24,990. ಒಟ್ಟು 17,91,880. ರಿಯಾಯಿತಿ ಕೇಳಿದಾಗ ಸೇಲ್ಸ್ ಹುಡುಗ ಬಹಳ ವಿನಯದಿಂದಲೇ ಹೇಳಿದ: “ಸರ್, ಆರ್ಡರ್ ಗಾಡಿಗೆ ಡಿಸ್ಕೌಂಟ್ ಬರೋದಿಲ್ಲ. ಸ್ಟಾಕಲ್ಲಿ ಇರೋದನ್ನ ತಗೊಳ್ಳಿ, ನಲವತ್ತು ಸಾವಿರ ಕಡಿಮೆ ಮಾಡಿಸಿಕೊಡ್ತೀನಿ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಡೀಲರುಗಳು ಯಾರ್ಡಿನಲ್ಲಿ ನಿಂತಿರುವ ಕಾರುಗಳಿಗೆ ಸಾಮಾನ್ಯವಾಗಿ ಸಾಲದ ಬಡ್ಡಿ ಕಟ್ಟುತ್ತಿರುತ್ತಾರೆ. ದೊಡ್ಡ ರಿಯಾಯಿತಿ ಸಿಗುವುದು ಆ ಭಾರ ಇಳಿಸಿಕೊಳ್ಳಲಿಕ್ಕಾಗಿ. ಇನ್ನೂ ತಯಾರಾಗದ ಕಾರಿಗೆ ಅದೇ ರಿಯಾಯಿತಿ ಕೇಳುವುದರಲ್ಲಿ ಅರ್ಥವಿಲ್ಲವೆಂದು ನನಗೂ ಅನ್ನಿಸಿತು. ಆದರೆ ಅದೇ ಮಾತಿಗೆ ಇನ್ನೊಂದು ಮಗ್ಗುಲಿದೆ. ಎರಡನೆಯ ಭೇಟಿಯಲ್ಲಿ ಮ್ಯಾನೇಜರ್ ಎದುರು ಕುಳಿತು, “ಮೇಡಂ, ನನ್ನ ಗಾಡಿ ನಿಮ್ಮ ಯಾರ್ಡಲ್ಲಿ ಒಂದು ವಾರವೂ ನಿಲ್ಲಲ್ಲ, ನಿಮಗೆ ಬಡ್ಡಿ ಬೀಳಲ್ಲ. ನಿಮಗಿರೋ ಭಯ ನಾನು ಕೊನೆಯಲ್ಲಿ ಬೇಡ ಅಂದುಬಿಟ್ಟರೆ ಅಂತ. ಅದಕ್ಕೆ ಇಪ್ಪತ್ತೊಂದು ಸಾವಿರದ ಬದಲು ಐವತ್ತು ಸಾವಿರ ಅಡ್ವಾನ್ಸ್ ಕೊಡ್ತೀನಿ,” ಎಂದೆ. ಮಾತು ಮುಂದುವರಿದದ್ದು ಅಲ್ಲಿಂದಲೇ. ಬಹಳ ಹೊತ್ತಿನ ಮೇಲೆ ಅವರು 20,000 ರೂಪಾಯಿ ಬಿಡಲು ಒಪ್ಪಿದರು. ಅದನ್ನು ಉಡುಗೊರೆಯಾಗಿಯೋ ಕೂಪನ್ನಾಗಿಯೋ ಕೊಡದೆ ಇನ್‌ವಾಯ್ಸಿನಲ್ಲೇ ಕಳೆದು ತೋರಿಸಬೇಕೆಂದು ನಾನು ಪಟ್ಟು ಹಿಡಿದೆ.

ಇನ್ನುಳಿದದ್ದು ಒಂದೊಂದು ಸಾಲಿನ ಲೆಕ್ಕ, ನನ್ನ ಹೆಚ್ಚಿನ ಹಣ ಉಳಿದದ್ದೂ ಅಲ್ಲೇ. ಆ ವರ್ಷ ಕರ್ನಾಟಕದಲ್ಲಿ 25 ಲಕ್ಷದೊಳಗಿನ ಎಲೆಕ್ಟ್ರಿಕ್ ಕಾರಿಗೆ ರಸ್ತೆ ತೆರಿಗೆ ಇರಲಿಲ್ಲ. ನೋಂದಣಿ ಪತ್ರದ ಶುಲ್ಕವನ್ನು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲೇ ತೆಗೆದುಹಾಕಿತ್ತು. ಹಾಗಿದ್ದ ಮೇಲೆ 14,500 ಯಾವುದಕ್ಕೆ? ಬಿಡಿಬಿಡಿಯಾಗಿ ಬರೆದು ಕೊಡಿ ಎಂದು ಕೇಳಿದೆನೇ ಹೊರತು ಜಗಳವಾಡಲಿಲ್ಲ. ಮರುದಿನ ಬಂದ ಹಾಳೆಯಲ್ಲಿ ನೋಂದಣಿ ಪತ್ರದಲ್ಲಿ ಕಾರಿನ ಸಾಲ ನಮೂದಿಸುವ 1,500 ರೂಪಾಯಿ, ತಾತ್ಕಾಲಿಕ ನೋಂದಣಿ, ಫಾಸ್ಟ್ಯಾಗ್ ಮುಂತಾದವೆಲ್ಲ ಸೇರಿ 4,200 ಆಗಿತ್ತು. ಹ್ಯಾಂಡ್ಲಿಂಗ್ ಚಾರ್ಜ್ ಯಾವ ಕಾಯ್ದೆಯ ಪ್ರಕಾರ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಆ ಸಾಲೇ ಹೋಯಿತು. ಕಿಟ್ ಬೇಡವೆಂದು 3,800 ರೂಪಾಯಿಯ ಮ್ಯಾಟ್‌ಗಳನ್ನು ಮಾತ್ರ ಉಳಿಸಿಕೊಂಡೆ.

ವಿಮೆಯ ವಿಷಯದಲ್ಲಿ ಸ್ವಲ್ಪ ಓದಿಕೊಂಡು ಹೋಗಿದ್ದು ಬಹಳ ಉಪಯೋಗಕ್ಕೆ ಬಂತು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಗೆ) ಕಡ್ಡಾಯ. 65 ಕಿಲೋವ್ಯಾಟ್‌ಗಿಂತ ಹೆಚ್ಚು ಶಕ್ತಿಯ ಮೋಟಾರಿರುವ ಎಲೆಕ್ಟ್ರಿಕ್ ಕಾರಿಗೆ ಅದು 20,907 ರೂಪಾಯಿ ಮತ್ತು ಜಿಎಸ್‌ಟಿ ಎಂದು ಸರ್ಕಾರವೇ ನಿಗದಿ ಮಾಡಿತ್ತು. ಯಾವ ಕಂಪನಿಗೆ ಹೋದರೂ ಆ ಮೊತ್ತ ಅಷ್ಟೇ. ಚೌಕಾಸಿಗೆ ಜಾಗವಿರುವುದು ನಮ್ಮ ಕಾರಿಗೇ ಆಗುವ ಹಾನಿಯ ಭಾಗದಲ್ಲಿ ಮಾತ್ರ. ಹೊರಗಿನ ಎರಡು ಕೊಟೇಷನ್ ತರಿಸುವಾಗ ಐಡಿವಿಯನ್ನು (ವಿಮೆಗಾಗಿ ಕಾರಿಗೆ ಕಟ್ಟುವ ಬೆಲೆ) ಷೋರೂಮಿನವರದ್ದಕ್ಕೆ ಸಮವಾಗಿ 15,66,550ಕ್ಕೇ ಇರಿಸಿ, ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ ಸೌಲಭ್ಯ) ಮತ್ತು ಬ್ಯಾಟರಿಗೆ ನೀರು ನುಗ್ಗಿದರೆ ಸಿಗುವ ರಕ್ಷಣೆ ಮೂರರಲ್ಲೂ ಇರುವಂತೆ ನೋಡಿಕೊಂಡೆ. ಹಾಗಿಲ್ಲದಿದ್ದರೆ ಕಡಿಮೆ ರಕ್ಷಣೆಯ ವಿಮೆ ಅಗ್ಗವೆಂದು ಭ್ರಮೆ ಹುಟ್ಟಿಸುತ್ತದೆ. ಹೊರಗಿನ ವಿಮೆಗೆ ಕ್ಯಾಷ್‌ಲೆಸ್ ಸೌಲಭ್ಯ (ದುರಸ್ತಿಯ ಹಣವನ್ನು ವಿಮಾ ಕಂಪನಿಯೇ ನೇರವಾಗಿ ಗ್ಯಾರೇಜಿಗೆ ಕಟ್ಟುವುದು) ಕೊಡುವುದಿಲ್ಲವೆಂದು ವಿಮೆಯ ಮೇಜಿನವರು ಹೇಳಿದಾಗ, ಅದನ್ನೇ ಇಮೇಲಿನಲ್ಲಿ ಬರೆದು ಕಳುಹಿಸಿ ಎಂದೆ. ಆ ಇಮೇಲ್ ಬರಲಿಲ್ಲ. ಬದಲಿಗೆ 61,200ರ ಹೊಸ ಕೊಟೇಷನ್ ಬಂತು, ನಾನೂ ಒಪ್ಪಿದೆ.

ಅಡ್ವಾನ್ಸ್ ಕಟ್ಟುವ ಮೊದಲು ಇದೆಲ್ಲವನ್ನೂ ಒಂದು ಇಮೇಲಿನಲ್ಲಿ ಬರೆದು ಮ್ಯಾನೇಜರರಿಂದ ಒಪ್ಪಿಗೆಯ ಉತ್ತರ ತರಿಸಿಕೊಂಡೆ. ಆರ್ಡರ್ ಕಾರಿನಲ್ಲಿ ಬೆಲೆ ನಿಜವಾಗಿ ನಿರ್ಧಾರವಾಗುವುದು ಬುಕ್ ಮಾಡಿದ ದಿನವಲ್ಲ, ಬಿಲ್ ಆಗುವ ದಿನ ಎಂಬುದೇ ಇದಕ್ಕೆ ಕಾರಣ. ಕಂಪನಿ ಬೆಲೆ ಏರಿಸಿದರೆ ಹಳೆಯ ಬೆಲೆಗೇ ಕೊಡಲಾಗದೆಂದು ಅವರು ಖಡಾಖಂಡಿತವಾಗಿ ಹೇಳಿದರು, ಅದು ಅವರ ಕೈಯಲ್ಲಿಲ್ಲವೆಂಬುದೂ ನಿಜ. ಹಾಗಾಗಿ, ಬೆಲೆ ಏರಿದರೆ ಅಥವಾ ಅರವತ್ತು ದಿನದೊಳಗೆ ಕಾರು ಬರದಿದ್ದರೆ ಐವತ್ತು ಸಾವಿರ ಪೂರ್ತಿ ವಾಪಸ್ಸು, ಬಿಲ್ಲಿನ ದಿನ ಕಂಪನಿಯ ಬೇರೆ ಸ್ಕೀಮ್ ಇದ್ದರೆ ಅದೂ ನನಗೆ, ಕಾರು ಆರ್ಡರಿನ ನಂತರ ತಯಾರಾದದ್ದಾಗಿರಬೇಕು ಎಂದು ಬರೆಸಿಕೊಂಡೆ.

ಕೊನೆಯ ಷರತ್ತು ಮೂರನೆಯ ವಾರದಲ್ಲೇ ಕೆಲಸಕ್ಕೆ ಬಂತು. “ಸರ್, ನಿಮ್ಮ ಬಣ್ಣದ ಗಾಡಿ ಸಿಕ್ಕಿಬಿಟ್ಟಿದೆ, ವರಮಹಾಲಕ್ಷ್ಮಿಗೇ ಕೊಡಬಹುದು,” ಎಂದು ಫೋನ್ ಬಂದಾಗ ಮನೆಯಲ್ಲಿ ಎಲ್ಲರೂ ಹಿಗ್ಗಿದರು. ಚಾಸಿ ನಂಬರ್ ಮತ್ತು ತಯಾರಿಕೆಯ ತಿಂಗಳು ತರಿಸಿ ನೋಡಿದರೆ ಅದು ಜನವರಿಯಲ್ಲಿ ತಯಾರಾಗಿ ಬೇರೆ ಊರಿನ ಯಾರ್ಡಿನಲ್ಲಿ ನಿಂತಿದ್ದ ಕಾರು, ಅದರಲ್ಲಿದ್ದದ್ದು 3.3ರ ಚಾರ್ಜರ್. ಇನ್ನೂ ಮೂವತ್ತು ಸಾವಿರ ಬಿಡುತ್ತೇವೆಂದರು. ಬೇಡವೆಂದು ಹೇಳಲು ನನಗೆ ನಿಜಕ್ಕೂ ಕಷ್ಟವಾಯಿತು, ಆದರೆ ಅಷ್ಟೆಲ್ಲ ಓಡಾಡಿದ್ದೇ ಆ ಚಾರ್ಜರಿಗಾಗಿ.

ನನ್ನ ಕಾರು ಬಂದದ್ದು ಆಗಸ್ಟ್ ಕೊನೆಯಲ್ಲಿ. ಬೆಲೆ ಏರಿರಲಿಲ್ಲ, ಆದರೆ ಲೆಕ್ಕ ವಿಭಾಗದವರು ಸಿದ್ಧಪಡಿಸಿದ ಬಿಲ್ಲಿನಲ್ಲಿ 20,000 ಕಳೆದಿರಲಿಲ್ಲ, ಹ್ಯಾಂಡ್ಲಿಂಗ್ ಚಾರ್ಜ್ ಮತ್ತೆ ಕಾಣಿಸಿಕೊಂಡಿತ್ತು. ಇಮೇಲ್ ತೋರಿಸಿ ಎರಡು ಗಂಟೆ ಕಾದ ಮೇಲೆ ಸರಿಯಾದ ಬಿಲ್ ಬಂತು: ಕಾರಿಗೆ 16,29,000, ಎಲ್ಲ ಸೇರಿ 17,14,490. ಮನೆಯಲ್ಲಿ ಚಾರ್ಜಿಂಗ್ ವ್ಯವಸ್ಥೆ ಮಾಡಿಸಲು ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗಕ್ಕೆ 22 ಮೀಟರ್ ಕೇಬಲ್ ಬೇಕಿತ್ತು. ಉಚಿತವಾಗಿ ಹಾಕಿಕೊಡುವ ಕೇಬಲಿನ ಮಿತಿ ಮೀರಿದ ಉದ್ದದ ಖರ್ಚನ್ನೂ ಅದೇ ದಿನ, ಕಾಯಿಸಿದ್ದಕ್ಕೆಂದು, ಮ್ಯಾನೇಜರ್ ತಾವಾಗಿಯೇ ಬಿಟ್ಟುಕೊಟ್ಟರು. ಗೌರಿ ಹಬ್ಬದ ಹಿಂದಿನ ಸಂಜೆ, ಸೆಪ್ಟೆಂಬರ್ 5ರಂದು, ಹಸಿರು ಫಲಕದ ಕಾರು ಮನೆಗೆ ಬಂತು. ಟಿಸಿಎಸ್ ಎಂದು ಕಟ್ಟಿದ್ದ 16,290 ರೂಪಾಯಿ ಮರುವರ್ಷ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವಾಗ ನನ್ನ ತೆರಿಗೆಗೆ ವಜಾ ಆಯಿತು.