ಟ್ರಾಲಿ ಕೊಳ್ಳುವ ಮೊದಲು ಸ್ಪ್ಯಾನರ್ ತೂಗಿಸಿದೆ

ನಮ್ಮ ಗ್ಯಾರೇಜಿನ ಎದುರಿಗೇ ಒಂದು ಗುಜರಿ ಅಂಗಡಿ ಇದೆ. ಒಂದು ಸೋಮವಾರ ಬೆಳಿಗ್ಗೆ ಎರಡು ಪೇಂಟ್ ಬಕೆಟ್, ಒಂದು ಗೋಣಿಚೀಲದ ತುಂಬ ನನ್ನ ಟೂಲ್ಸ್ ಹೊತ್ತುಕೊಂಡು ಹೋಗಿ ಅಲ್ಲಿನ ಕಾಟಾ ಮೇಲೆ ಇಟ್ಟೆ. ಅಂಗಡಿಯವನಿಗೆ ಗಾಬರಿ. "ಏನಣ್ಣ, ಗ್ಯಾರೇಜ್ ಮುಚ್ತಾ ಇದ್ದೀರಾ?" ಅಂದ. "ಇಲ್ಲ ಮಾರಾಯ, ಸುಮ್ನೆ ತೂಕ ನೋಡೋಣ ಅಂತ" ಅಂದೆ. 46 ಕೆಜಿ ಬಂತು. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಲೆಕ್ಕ ಹೆಚ್ಚೆಂದರೆ 20.

ಈ 26 ಕೆಜಿ ವ್ಯತ್ಯಾಸವೇ ನನಗೆ 1,900 ರೂಪಾಯಿ ನಷ್ಟ ಮಾಡಿತ್ತು. ಟೂಲ್ಸ್ ಇಟ್ಟು ತಳ್ಳಿಕೊಂಡು ಹೋಗುವ ಟ್ರಾಲಿ ಕೊಂಡ ಕಥೆಗೆ ಮೊದಲು ಅದನ್ನು ಹೇಳಿಬಿಡುತ್ತೇನೆ.

ನನ್ನದು ತುಮಕೂರಿನಲ್ಲಿ ಚಿಕ್ಕ ಟೂ ವೀಲರ್ ಗ್ಯಾರೇಜ್. 12 ಅಡಿ ಅಗಲ, 20 ಅಡಿ ಉದ್ದ. ನಾನು, ಒಬ್ಬ ಹುಡುಗ. ಟೂಲ್ಸ್ ಎಲ್ಲ ಹಿಂದಿನ ಗೋಡೆಯ ಪ್ಲೈವುಡ್ ಬೋರ್ಡಿನಲ್ಲಿ ಮೊಳೆಗೆ ತೂಗುತ್ತಿದ್ದವು. ನೋಡೋಕೆ ಚೆಂದ. ಆದರೆ ಗಾಡಿ ನಿಲ್ಲುವುದು ಮುಂದೆ, ಶಟರ್ ಹತ್ತಿರ, ಬೆಳಕಿರುವ ಕಡೆ. ಒಂದು ದಿನ ಸುಮ್ನೆ ಎಣಿಸಿದೆ. ಒಂದು ಬೈಕಿನ ಕ್ಲಚ್ ಪ್ಲೇಟ್ ಬದಲಾಯಿಸುವಷ್ಟರಲ್ಲಿ ಹುಡುಗ ಗೋಡೆಗೂ ಗಾಡಿಗೂ 22 ಸಲ ಓಡಾಡಿದ್ದ. 10 ನಂಬರ್ ತಾ, 8 ನಂಬರ್ ತಾ, ಅದಲ್ಲ ಉದ್ದದ್ದು ತಾ. ಸಂಜೆ ಹೊತ್ತಿಗೆ ಅವನ ಮುಖ ನೋಡೋಕೆ ಆಗುತ್ತಿರಲಿಲ್ಲ.

ಆಗ ಆನ್‌ಲೈನಿನಲ್ಲಿ 1,900 ರೂಪಾಯಿಗೆ ಮೂರು ತಟ್ಟೆಯ ಒಂದು ತಳ್ಳುವ ರ‍್ಯಾಕ್ ತರಿಸಿದೆ. ಅಡುಗೆಮನೆಯಲ್ಲಿ ಈರುಳ್ಳಿ, ಆಲೂಗಡ್ಡೆ ಇಡುತ್ತಾರಲ್ಲ, ಆ ಥರದ್ದು. ಕೆಳಗೆ 2 ಇಂಚಿನ ಪ್ಲಾಸ್ಟಿಕ್ ಚಕ್ರ. ಹನ್ನೊಂದನೇ ದಿನ ಒಂದು ಚಕ್ರ ಕಡಪ ಕಲ್ಲಿನ ಅಂಚಿಗೆ ಬಡಿದು ನಿಂತಿತು, ಮೇಲಿನ ತಟ್ಟೆ ಮಾತ್ರ ನಿಲ್ಲಲಿಲ್ಲ. ಸ್ಪ್ಯಾನರ್‌ಗಳೆಲ್ಲ ನೆಲಕ್ಕೆ. ಒಂದು 10 ನಂಬರ್ ಸಾಕೆಟ್ ಉರುಳಿಕೊಂಡು ಹೋಗಿ ಮೋರಿ ಸೇರಿತು. ಮೆಕ್ಯಾನಿಕ್ ಕೆಲಸ ಮಾಡುವವರಿಗೆ ಗೊತ್ತು, ಕಳೆದರೆ ಕಳೆಯುವುದು 10 ನಂಬರೇ. ರ‍್ಯಾಕ್ ಈಗ ಮನೆಯಲ್ಲಿ ಈರುಳ್ಳಿ ಹೊತ್ತುಕೊಂಡು ಚೆನ್ನಾಗಿಯೇ ಇದೆ. ತಪ್ಪು ಅದರದ್ದಲ್ಲ.

ಆಮೇಲೆಯೇ ನಾನು ಕಾಟಾ ಹತ್ತಿರ ಹೋಗಿದ್ದು. ಅದೇ ದಿನ ಸ್ಕೇಲ್ ಹಿಡಿದುಕೊಂಡು ನೆಲವನ್ನೂ ಅಳೆದೆ. ನಮ್ಮ ನೆಲ ಅರ್ಧ ಸಿಮೆಂಟು, ಅರ್ಧ ಕಡಪ. ಕಲ್ಲುಗಳ ಅಂಚು ಅಲ್ಲಲ್ಲಿ ಅರ್ಧ ಇಂಚು ಎದ್ದಿದೆ. ಮಧ್ಯದಲ್ಲಿ ವಾಟರ್ ವಾಶ್ ನೀರು ಹೋಗುವ ಮೋರಿ, ಅದರ ಮೇಲೆ ಕಬ್ಬಿಣದ ಜಾಲರಿ, ಜಾಲರಿಯ ಸಂದು ಮುಕ್ಕಾಲು ಇಂಚು. 2 ಇಂಚಿನ ಚಕ್ರದ ಅಚ್ಚು ನೆಲದಿಂದ ಒಂದೇ ಇಂಚು ಎತ್ತರದಲ್ಲಿ ಇರುತ್ತದೆ. ಅದರ ಮುಂದೆ ಅರ್ಧ ಇಂಚಿನ ಅಂಚು ಅಂದರೆ ಗೋಡೆ ಇದ್ದ ಹಾಗೆ. 4 ಇಂಚಿನ ಚಕ್ರಕ್ಕೆ ಅದೇ ಅಂಚು ಒಂದು ಸಣ್ಣ ಹಂಪು. ಅಗಲವೂ ಮುಖ್ಯ. ಸಣಕಲು ಚಕ್ರ ಜಾಲರಿಯ ಸಂದಿನ ನೇರಕ್ಕೆ ತಿರುಗಿಬಿಟ್ಟರೆ ಒಳಗೇ ಕೂತುಬಿಡುತ್ತದೆ.

ಹಾಗಾಗಿ ಯಾರಾದರೂ ಎಷ್ಟು ಡ್ರಾಯರಿನ ಟ್ರಾಲಿ ತಗೊಳ್ಳಲಿ ಅಂತ ಕೇಳಿದರೆ ನಾನು ನಿಮ್ಮ ನೆಲ ಹೇಗಿದೆ ಅಂತ ತಿರುಗಿ ಕೇಳುತ್ತೇನೆ. ಚಕ್ರ ಸರಿ ಇಲ್ಲದಿದ್ದರೆ ಅದು ಟ್ರಾಲಿಯೇ ಅಲ್ಲ, ಬೀರು.

ಇದಕ್ಕೆ ಸಾಕ್ಷಿ ನನ್ನ ಸ್ನೇಹಿತನ ಕಾರ್ ವರ್ಕ್‌ಶಾಪ್. ಏಳು ಡ್ರಾಯರಿನ ಕೆಂಪು ಟ್ರಾಲಿ ಇದೆ, ಪ್ರತಿ ಡ್ರಾಯರಿಗೂ ಅದು ಜಾರುವ ಬಾಲ್ ಬೇರಿಂಗ್ ಚಾನಲ್, ಪಕ್ಕದಲ್ಲಿ ಬೀಗ. ಖಾಲಿ ಇದ್ದಾಗಲೇ ಇಬ್ಬರು ಹಿಡಿದು ಎತ್ತಬೇಕು. ಅವನ ನೆಲ ನುಣ್ಣಗೆ ಟೈಲ್ಸು, ಬೆಣ್ಣೆಯ ಹಾಗೆ ಜಾರುತ್ತದೆ. ನನ್ನ ಕಡಪದ ಮೇಲೆ ಅದು ಬಂದರೆ ಬಂದ ಕಡೆಯೇ ಠಿಕಾಣಿ. ಆದರೂ ಆಸೆ ಬಿಡಬೇಕಲ್ಲ. ಒಂದು ಶೋರೂಮ್ ಮುಚ್ಚಿದಾಗ ಅಂಥದ್ದೇ ಒಂದು ಸೆಕೆಂಡ್ ಹ್ಯಾಂಡ್ 14,000ಕ್ಕೆ ಇದೆ ಅಂತ ಗೊತ್ತಾಗಿ ಓಡಿದೆ. ಮೇಲಿನ ಡ್ರಾಯರ್ ಪೂರ್ತಿ ಎಳೆದು ತುದಿಯನ್ನು ಅಂಗೈಯಲ್ಲಿ ಒತ್ತಿದೆ, ಡ್ರಾಯರಿನ ಮೂಗು ನೆಲದ ಕಡೆ ತಗ್ಗಿತು. ಚಾನಲ್ ಬಾಗಿತ್ತು. ಕೆಳಗಿನ ಎರಡು ಡ್ರಾಯರಿನದೂ ಅದೇ ಕಥೆ. ಇನ್ನೊಂದು ವಿಷಯ ಅಲ್ಲಿಯೇ ಕಲಿತೆ. ಮೇಲಿನ ಮೂರು ಡ್ರಾಯರ್ ಒಟ್ಟಿಗೆ ಎಳೆದಾಗ ಇಡೀ ಟ್ರಾಲಿ ನನ್ನ ಕಡೆ ವಾಲಿತು. ಒಳ್ಳೆಯ ಟ್ರಾಲಿಗಳಲ್ಲಿ ಒಂದು ಡ್ರಾಯರ್ ತೆರೆದಿದ್ದರೆ ಇನ್ನೊಂದು ತೆರೆಯದ ಹಾಗೆ ಲಾಕ್ ಇರುತ್ತದೆ. ಕಡಿಮೆ ಬೆಲೆಯವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹುಡುಗ ಕೆಲಸ ಮಾಡುವ ಕಡೆ ಅದನ್ನು ಇಡೋಕೆ ನನಗೆ ಧೈರ್ಯ ಬರಲಿಲ್ಲ.

ನಮ್ಮ ಬೀದಿಯ ವೆಲ್ಡಿಂಗ್ ಅಣ್ಣನನ್ನೂ ಕೇಳಿದೆ. ಒಂದಿಂಚಿನ ಚೌಕ ಪೈಪು, 18 ಗೇಜ್ ದಪ್ಪದ ಶೀಟು, ಮೂರು ತಟ್ಟೆ, ಚಕ್ರ ನಾನೇ ತಂದುಕೊಟ್ಟರೆ 7,500 ಅಂದರು. "ತಟ್ಟೆ ಎಷ್ಟು ಬೇಕಾದ್ರೂ ಮಾಡ್ಕೊಡ್ತೀನಿ. ಡ್ರಾಯರ್ ಮಾತ್ರ ಕೇಳ್ಬೇಡ. ಅದಕ್ಕೆ ಬೆಂಡಿಂಗ್ ಮಷೀನ್ ಬೇಕು, ನಾನು ಮಾಡಿದ್ರೆ ಒಂದು ಕಡೆ ಸಿಕ್ಕಾಕೊಳ್ಳುತ್ತೆ" ಅಂದರು. ಈ ಮಾತು ನನಗೆ ಇಷ್ಟವಾಯಿತು. ಗಟ್ಟಿತನದಲ್ಲಿ ಅವರ ಕೆಲಸಕ್ಕೆ ಅಂಗಡಿಯದ್ದು ಸಾಟಿ ಇಲ್ಲ. ಆದರೆ ನನಗೆ ಒಂದಾದರೂ ಡ್ರಾಯರ್ ಬೇಕಿತ್ತು. ಫೀಲರ್ ಗೇಜ್, ಸರ್ಕ್ಲಿಪ್ ಪ್ಲೇಯರ್, ಅಲೆನ್ ಕೀ ಇಂಥ ಚಿಕ್ಕ ಟೂಲ್ಸನ್ನು ತೆರೆದ ತಟ್ಟೆಯಲ್ಲಿ ಇಟ್ಟರೆ ಸಂಜೆಗೆ ಲೆಕ್ಕ ಸಿಗುವುದಿಲ್ಲ.

ಕೊನೆಗೆ ಒಂದು ಗುರುವಾರ ಗ್ಯಾರೇಜಿಗೆ ರಜೆ ಹಾಕಿ ಬೆಂಗಳೂರಿಗೆ ಹೋದೆ. ಜೆ.ಸಿ. ರಸ್ತೆ ನನಗೆ ಬಿಡಿಭಾಗಕ್ಕೆ ಹಳೆಯ ಪರಿಚಯ. ಟ್ರಾಲಿಗೆ ಮಾತ್ರ ಅಲ್ಲಿಗಿಂತ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಜಾಸ್ತಿ ಬಗೆ ಸಿಕ್ಕವು. ಜೇಬಿನಲ್ಲಿ ದಪ್ಪ ಅಳೆಯುವ ವರ್ನಿಯರ್ ಇಟ್ಟುಕೊಂಡು ಹೋಗಿದ್ದೆ. ಅಂಗಡಿಯವರಿಗೆ ಇದು ಇಷ್ಟವಾಗುವುದಿಲ್ಲ, ಆದರೆ ನಮ್ಮ ದುಡ್ಡು ಅಲ್ವಾ? 20 ಗೇಜ್ ಅಂದರೆ ಸುಮಾರು 0.9 ಮಿಮೀ, 22 ಗೇಜ್ ಅಂದರೆ 0.7. ಒಬ್ಬರು "ಇದು 20 ಗೇಜ್ ಸಾರ್" ಅಂತ ತೋರಿಸಿದ ತಟ್ಟೆಯ ಅಂಚಿಗೆ ವರ್ನಿಯರ್ ಹಿಡಿದರೆ 0.8 ತೋರಿಸಿತು. ಅದರಲ್ಲಿ ಎರಡೂ ಬದಿಯ ಪೌಡರ್ ಕೋಟಿಂಗ್, ಅಂದರೆ ಪೇಂಟಿನ ದಪ್ಪ ಕಳೆಯಬೇಕು. ಅಂದರೆ ಶೀಟು 22ರ ಆಸುಪಾಸು. ವರ್ನಿಯರ್ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಒಂದು ಚದರ ಮೀಟರ್ ಕಬ್ಬಿಣದ ಶೀಟು 1 ಮಿಮೀ ದಪ್ಪಕ್ಕೆ 8 ಕೆಜಿ ಹತ್ತಿರ ತೂಗುತ್ತದೆ. ಡಬ್ಬದ ಮೇಲೆ ಬರೆದ ತೂಕ ನೋಡಿದರೆ ಯಾರು ಎಷ್ಟು ನಿಜ ಹೇಳುತ್ತಿದ್ದಾರೆ ಅಂತ ಅಂದಾಜು ಸಿಗುತ್ತದೆ.

ದಪ್ಪ ಒಂದೇ ನೋಡಿದರೂ ಆಗದು. ತೆಳ್ಳಗಿನ ಶೀಟಾದರೂ ಅಂಚನ್ನು ಎರಡು ಸಲ ಮಡಚಿ, ತಟ್ಟೆಯ ಹೊಟ್ಟೆಯ ಕೆಳಗೆ ಒಂದು ಅಡ್ಡಪಟ್ಟಿ ವೆಲ್ಡ್ ಮಾಡಿದ್ದರೆ ಸಾಕಷ್ಟು ಭಾರ ತಡೆಯುತ್ತದೆ. ನಾನು ಪ್ರತಿ ತಟ್ಟೆಯ ನಡುವೆ ಹೆಬ್ಬೆರಳು ಒತ್ತಿ ನೋಡಿದೆ. ಟಕ್ ಅಂತ ಡಬ್ಬದ ಹಾಗೆ ಸದ್ದು ಬಂದರೆ ಬೇಡ. ಆಮೇಲೆ ಹಿಡಿಕೆ ಹಿಡಿದು ಮೂಲೆಯಿಂದ ಮೂಲೆಗೆ ಅಲುಗಾಡಿಸುವುದು. ಹೀಗೆ ಮಾಡಿದಾಗ ಒಂದು ಟ್ರಾಲಿ ಮುದುಕರ ಮಂಚದ ಹಾಗೆ ಕಿರುಗುಟ್ಟಿತು.

ತಗೊಂಡಿದ್ದು ಮೂರು ತೆರೆದ ತಟ್ಟೆ, ಮೇಲಿನ ತಟ್ಟೆಯ ಕೆಳಗೆ ಒಂದು ಡ್ರಾಯರ್ ಇರುವಂಥದ್ದು. 19 ಕೆಜಿ. 6,500 ಹೇಳಿದರು, ಬಿಲ್ ಸಮೇತ 5,800ಕ್ಕೆ ಕೊಟ್ಟರು. ಜಿಎಸ್‌ಟಿ ಸೇರಿಯೋ ಬಿಟ್ಟೋ ಅಂತ ಚೌಕಾಸಿಗೆ ಮೊದಲೇ ಕೇಳಿಬಿಡಿ. ಕೊನೆಯಲ್ಲಿ ಕೇಳಿದರೆ ಇಳಿಸಿದ ಬೆಲೆ ಮತ್ತೆ ಏರುತ್ತದೆ.

ಆ ಟ್ರಾಲಿಯಲ್ಲಿ ನನಗೆ ಒಪ್ಪಿಗೆಯಾಗದ್ದು ಚಕ್ರ. 3 ಇಂಚಿನದ್ದು, ಗಟ್ಟಿ ಪ್ಲಾಸ್ಟಿಕ್, ಬೇರಿಂಗ್ ಇಲ್ಲ. ಹಾಗಾಗಿ ಪಕ್ಕದ ಅಂಗಡಿಯಲ್ಲೇ ಕ್ಯಾಸ್ಟರ್ ವೀಲ್ ಬೇರೆ ತಗೊಂಡೆ. ನನ್ನ ಲೆಕ್ಕ ಹೀಗಿತ್ತು. ಟ್ರಾಲಿ 19, ಟೂಲ್ಸ್ 46, ಅದರ ಮೇಲೆ ಗಾಡಿಯಿಂದ ಇಳಿಸಿದ ಇಂಜಿನ್, ಆಯಿಲ್ ಕ್ಯಾನ್ ಎಲ್ಲ ಸೇರಿ 100 ಕೆಜಿ ಅಂತ ಇಟ್ಟುಕೊಳ್ಳೋಣ. ಇದನ್ನು 4ರಿಂದ ಅಲ್ಲ, 3ರಿಂದ ಭಾಗಿಸಬೇಕು. ಏರುತಗ್ಗಿನ ನೆಲದಲ್ಲಿ ಯಾವಾಗಲೂ ಒಂದು ಚಕ್ರ ಗಾಳಿಯಲ್ಲಿ ಇರುತ್ತದೆ, ಭಾರ ಹೊರುವುದು ಉಳಿದ ಮೂರು. ಒಂದಕ್ಕೆ 33 ಕೆಜಿ ಬಂತು. ಧಕ್ಕೆ ತಡೆಯಲಿ ಅಂತ ಅದರ ಎರಡರಷ್ಟು, 70 ಕೆಜಿಯದ್ದು ಆರಿಸಿದೆ. ನೈಲಾನ್ ಚಕ್ರ ಗಟ್ಟಿ, ಅಗ್ಗ, ಆದರೆ ಕಡಪದ ಮೇಲೆ ಎತ್ತಿನ ಗಾಡಿಯ ಸದ್ದು. ರಬ್ಬರ್ ಮೆತ್ತಗೆ ಹೋಗುತ್ತದೆ, ಆದರೆ ಪೆಟ್ರೋಲು, ಆಯಿಲ್ ತಾಗಿ ತಾಗಿ ಉಬ್ಬಿ ಹಾಳಾಗುತ್ತದೆ. ಪಿಯು, ಅಂದರೆ ಪಾಲಿಯುರಿಥೇನ್ ಚಕ್ರ ಎರಡರ ಮಧ್ಯದ್ದು, ಆಯಿಲಿಗೆ ಅಷ್ಟು ಬೇಗ ಬಗ್ಗುವುದಿಲ್ಲ. 4 ಇಂಚಿನ ಪಿಯು, ಬಾಲ್ ಬೇರಿಂಗ್ ಇರುವುದು, ನಾಲ್ಕಕ್ಕೆ 1,400. ಎರಡು ತಿರುಗುವುದು, ಬ್ರೇಕ್ ಸಮೇತ. ಎರಡು ನೇರ.

ಒಟ್ಟು 7,200. ಡಬ್ಬವನ್ನು ಬಸ್ಸಿನ ಡಿಕ್ಕಿಯಲ್ಲಿ ಹಾಕಿದೆ, ಕಂಡಕ್ಟರ್ ಲಗೇಜ್ ಟಿಕೆಟ್ ಹರಿದರು. ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ.

ಜೋಡಿಸುವಾಗ ಒಂದು ಎಡವಟ್ಟು ಮಾಡಿದೆ. ಹೊಸ ಚಕ್ರದ ಪ್ಲೇಟಿನ ತೂತು ಟ್ರಾಲಿಯ ತೂತಿಗೆ ಕೂರಲಿಲ್ಲ. ಅಂಗಡಿಯಲ್ಲೇ ಹಳೆಯ ಚಕ್ರದ ಪ್ಲೇಟು ಪಕ್ಕ ಇಟ್ಟು ನೋಡಬೇಕಿತ್ತು. ಎರಡು ನಿಮಿಷದ ಕೆಲಸ, ಮರೆತೆ. ಕೊನೆಗೆ ವೆಲ್ಡಿಂಗ್ ಅಣ್ಣ 3 ಮಿಮೀ ಪ್ಲೇಟಿನ ನಾಲ್ಕು ತುಂಡು ಕೊಯ್ದು ಕೊಟ್ಟರು. ಅದಕ್ಕೆ ಎರಡೂ ಬಗೆಯ ತೂತು ಹಾಕಿ ಕೂರಿಸಿದೆ. ಅವರು ದುಡ್ಡು ಬೇಡ ಅಂದರು, ಅವರ ಸ್ಕೂಟರಿನ ಬ್ರೇಕ್ ಶೂ ಹಾಕಿಕೊಟ್ಟೆ.

ಎಲ್ಲ ಬೋಲ್ಟನ್ನೂ ಮೊದಲೇ ಬಿಗಿ ಮಾಡಬಾರದು. ಕೈಯಲ್ಲಿ ತಿರುಗಿಸುವಷ್ಟಕ್ಕೆ ಬಿಟ್ಟು, ತಟ್ಟೆಯ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡು ಕಡೆಯೂ ಅಳೆಯಿರಿ. ಎರಡು ಅಳತೆ ಒಂದೇ ಬಂದರೆ ಚೌಕ ಸರಿ ಇದೆ, ಆಮೇಲೆ ಬಿಗಿ ಮಾಡಿ. ಜೊತೆಗೆ ಬಂದ ನಟ್ಟುಗಳನ್ನು ಡಬ್ಬಿಗೆ ಹಾಕಿ, ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಹಾಕಿದೆ. ಕಡಪದ ಮೇಲೆ ದಿನವೂ ಕುಲುಕಾಡಿದರೆ ಮಾಮೂಲಿ ನಟ್ಟು ನಿಲ್ಲುವುದಿಲ್ಲ.

ಭಾರದ್ದೆಲ್ಲ ಕೆಳಗಿನ ತಟ್ಟೆಗೆ. ಸುತ್ತಿಗೆ, ಮ್ಯಾಗ್ನೆಟ್ ಪುಲ್ಲರ್, ದೊಡ್ಡ ಸಾಕೆಟ್ಟುಗಳು. ನಡುವಿನ ತಟ್ಟೆಗೆ ಸ್ಪ್ಯಾನರ್, T ಆಕಾರದ ಟೀ ಸ್ಪ್ಯಾನರ್. ಮೇಲಿನ ತಟ್ಟೆ ಬೆಳಿಗ್ಗೆ ಖಾಲಿ ಇರಬೇಕು, ಅದು ಆ ಗಾಡಿಯ ಕೆಲಸಕ್ಕೆ. ಇದನ್ನು ಹುಡುಗನ ತಲೆಗೆ ಹಾಕೋಕೆ ಒಂದು ತಿಂಗಳು ಬೇಕಾಯಿತು. ಬೋಲ್ಟು ಇಡೋಕೆ ಮನೆಯ ಹಳೆಯ ಇಡ್ಲಿ ತಟ್ಟೆ. ಒಂದೊಂದು ಗುಳಿಗೆ ಒಂದೊಂದು ಭಾಗದ ಬೋಲ್ಟು. "ಇನ್ನೇನಾದ್ರೂ ಬೇಕಾ, ಕುಕ್ಕರ್ ಕೊಡ್ಲಾ?" ಅಂತ ಹೆಂಡತಿ ಕೇಳಿದ್ದು ನಿಜ. ಕ್ಲಚ್ ಕವರಿನ ಬೋಲ್ಟುಗಳು ಉದ್ದ ಗಿಡ್ಡ ಇರುತ್ತವಲ್ಲ, ಅವಕ್ಕೆ ಮಾತ್ರ ರಟ್ಟಿನ ಮೇಲೆ ಕವರಿನ ಆಕಾರ ಗೀಚಿ ಅದೇ ಜಾಗದಲ್ಲಿ ಚುಚ್ಚಿ ಇಡುತ್ತೇವೆ.

ತಟ್ಟೆಗೆ ಹಾಸೋಕೆ ಹಳೆಯ ಟ್ಯೂಬು ಕತ್ತರಿಸಿ ಹಾಕಿದ್ದೆ, ಖರ್ಚಿಲ್ಲ ಅಂತ. ಕಾರ್ಬುರೇಟರ್ ತೊಳೆದ ಪೆಟ್ರೋಲ್ ಬಿದ್ದು ಎರಡೇ ವಾರದಲ್ಲಿ ಹಪ್ಪಳದ ಹಾಗೆ ಉಬ್ಬಿ ಎದ್ದಿತು. ಚಕ್ರಕ್ಕೆ ರಬ್ಬರ್ ಬೇಡ ಅಂತ ಅಷ್ಟು ಯೋಚಿಸಿದವನು ತಟ್ಟೆಗೆ ಅದನ್ನೇ ಹಾಕಿದ್ದೆ ನೋಡಿ. ಈಗ ಮೇಲಿನ ತಟ್ಟೆಗೆ ಏನೂ ಹಾಸಿಲ್ಲ, ಒರೆಸಿದರೆ ಮುಗಿಯಿತು. ಒಂದೇ ಎಚ್ಚರ, ಬ್ರೇಕ್ ಆಯಿಲ್ ಚೆಲ್ಲಿದರೆ ತಕ್ಷಣ ನೀರಿನಲ್ಲಿ ಒರೆಸಬೇಕು. ಪೇಂಟು ಎದ್ದು ಬರುತ್ತದೆ. ನನ್ನ ಟ್ರಾಲಿಯ ಬಲ ಮೂಲೆಯಲ್ಲಿ ಅಂಗೈ ಅಗಲದ ಗುರುತು ಇದೆ, ಊಟಕ್ಕೆ ಹೋದ ಅರ್ಧ ಗಂಟೆಯಲ್ಲಿ ಆಗಿದ್ದು.

ಈಗ ಒಂದೂವರೆ ವರ್ಷ ಆಯಿತು. ಹುಡುಗನ ಓಡಾಟ ಕ್ಲಚ್ ಕೆಲಸಕ್ಕೆ ಮೂರೋ ನಾಲ್ಕೋ ಸಲಕ್ಕೆ ಇಳಿದಿದೆ, ಅದೂ ಬಿಡಿಭಾಗ ತರೋಕೆ. ಕೊರತೆ ಅಂದರೆ ಹಿಂದಿನ ನೇರ ಚಕ್ರಗಳು. ಇಳಿಜಾರಿನಲ್ಲಿ ಟ್ರಾಲಿ ಅಡ್ಡ ಹೋಗದ ಹಾಗೆ ಅವು ಹಿಡಿಯುತ್ತವೆ, ನಿಜ. ಆದರೆ ಎರಡು ಬೈಕ್ ಪಕ್ಕಪಕ್ಕ ನಿಂತಾಗ ಸಂದಿಯಲ್ಲಿ ಟ್ರಾಲಿಯನ್ನು ಅಡ್ಡಕ್ಕೆ ಸರಿಸೋಕೆ ಆಗುವುದಿಲ್ಲ, ಹಿಂದಕ್ಕೆ ಮುಂದಕ್ಕೆ ಎಳೆದಾಡಬೇಕು. ಆ ಎರಡನ್ನೂ ತಿರುಗುವ, ಬ್ರೇಕ್ ಇರುವ ಚಕ್ರ ಮಾಡಬೇಕು ಅಂತಿದ್ದೇನೆ. ಈ ಸಲ ಹಳೆಯ ಪ್ಲೇಟನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಂಡೇ ಎಸ್.ಜೆ.ಪಿ. ರಸ್ತೆಗೆ ಹೋಗುತ್ತೇನೆ.