ಸಣ್ಣ ಆರ್, ದೊಡ್ಡ ಆರ್: ಟರ್ಮಿನಲ್‌ನಲ್ಲಿ ಮೇಲ್‌ಗೆ ಉತ್ತರ ಬರೆಯುವ ನನ್ನ ಪಾಡು

ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನೆಟ್ ಸಿಗುವುದು ಮೆತ್ತಿಯ ಕಿಟಕಿ ಹತ್ತಿರ ಮಾತ್ರ. ಅದೂ ಒಂದು ಕಡ್ಡಿ, ಹೆಚ್ಚಂದ್ರೆ ಎರಡು. ಶಿರಸಿ ಪೇಟೆಯಿಂದ ಹದಿನೈದು ಕಿಲೋಮೀಟರ್ ಒಳಗಿನ ಊರು. ಮುಂದೆ ಅಡಿಕೆ ತೋಟ, ಹಿಂದೆ ಬೆಟ್ಟ. ಬ್ರೌಸರ್‌ನಲ್ಲಿ ಮೇಲ್ ತೆರೆದರೆ ಚಕ್ರ ತಿರುಗುತ್ತಲೇ ಇರುತ್ತದೆ. ಅಷ್ಟರಲ್ಲಿ ಕೆಳಗಿನಿಂದ ಆಯಿ "ಕಷಾಯ ತಣಿದು ಹೋತು ತಮಾ" ಅಂತ ಎರಡು ಸಲ ಕೂಗಿ ಆಗಿರುತ್ತದೆ. ಆದರೆ ಅದೇ ಒಂದು ಕಡ್ಡಿಯಲ್ಲಿ ಎಸ್‌ಎಸ್‌ಎಚ್, ಅಂದರೆ ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗಿ ಬರೀ ಅಕ್ಷರದಲ್ಲಿ ಕೆಲಸ ಮಾಡುವ ವ್ಯವಸ್ಥೆ, ಆರಾಮಾಗಿ ಓಡುತ್ತದೆ. ಬರೀ ಅಕ್ಷರ ತಾನೇ ಹೋಗಿ ಬರಬೇಕು, ಅದಕ್ಕೆಷ್ಟು ದಾರಿ ಬೇಕು?

ನಾನು ಒಂದು ಸಣ್ಣ ಕಂಪನಿಯ ಸರ್ವರ್ ನೋಡಿಕೊಳ್ಳುತ್ತೇನೆ. 2020ರಲ್ಲಿ ಬೆಂಗಳೂರಿಂದ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಬೆಂಗಳೂರಿನಲ್ಲಿ ಇದ್ದಾಗಲೇ ಮಟ್ ಅನ್ನುವ ಟರ್ಮಿನಲ್ (ಬರೀ ಅಕ್ಷರದ ಕಪ್ಪು ಪರದೆ) ಮೇಲ್ ಪ್ರೋಗ್ರಾಂ ಬಳಸಿ ರೂಢಿಯಿತ್ತು. ಆದರೆ ಊರಿಗೆ ಬಂದ ಮೊದಲ ಮಳೆಗಾಲದಲ್ಲಿ ಅದನ್ನು ಇಲ್ಲಿ ಇನ್ನೂ ಹೊಂದಿಸಿಕೊಂಡಿರಲಿಲ್ಲ. ಆಫೀಸಿನ ಮೇಲ್ ಡಬ್ಬಿ ಇದ್ದದ್ದೂ ಅದೇ ಸರ್ವರ್‌ನಲ್ಲಿ. ಸರ್ವರ್‌ಗೆ ಲಾಗಿನ್ ಆಗಿ, ಅಲ್ಲಿದ್ದ 'ಮೇಲ್' ಅನ್ನುವ ಹಳೇ ಕಮಾಂಡ್‌ನಲ್ಲೇ ಮೇಲ್ ನೋಡುತ್ತಿದ್ದೆ.

ಒಂದು ದಿನ ಬೆಂಗಳೂರಿನ ಸಹೋದ್ಯೋಗಿಯ ಮೇಲ್ ಬಂತು. ಕಾರವಾರದ ಹತ್ತಿರ ಹೋಂಸ್ಟೇ ನಡೆಸುವ ಒಬ್ಬ ಹಿರಿಯರು ನಮ್ಮ ಗಿರಾಕಿ. ಅವರ ಸೈಟ್ ಮತ್ತೆ ನಿಧಾನ ಆಗಿದೆ, ನೋಡಿ ಅಂತ ಸಹೋದ್ಯೋಗಿ ಬರೆದಿದ್ದರು. ನಾನು ಉತ್ತರಿಸಲು ಸಣ್ಣ ಆರ್ (r) ಒತ್ತಿದೆ. ಕಂಗ್ಲಿಷ್‌ನಲ್ಲಿ ಎರಡೇ ಸಾಲು ಬರೆದೆ: ಇವರಿಗೆ ಎಷ್ಟು ಸಲ ಹೇಳಿದ್ದೇನೆ, ಹತ್ತು ಎಂಬಿ ಫೋಟೋ ಹಾಕಬೇಡಿ ಅಂತ, ಕೇಳೋದೇ ಇಲ್ಲ. ಆಮೇಲೆ ಒಂದು ಸಾಲಿನಲ್ಲಿ ಬರೀ ಚುಕ್ಕಿ ಇಟ್ಟು ಎಂಟರ್. ಆ ಪ್ರೋಗ್ರಾಂನಲ್ಲಿ ಚುಕ್ಕಿ ಅಂದರೆ ಮುಗಿಯಿತು, ಕಳಿಸು ಅಂತ. ನಿಜವಾಗಿ ಕಳಿಸಲಾ ಅಂತ ಇನ್ನೊಮ್ಮೆ ಕೇಳುವುದಿಲ್ಲ.

ಹತ್ತು ನಿಮಿಷಕ್ಕೆ ಉತ್ತರ ಬಂತು. ಸಹೋದ್ಯೋಗಿಯದ್ದಲ್ಲ, ಆ ಹಿರಿಯರದ್ದು. "ಇನ್ನು ಮೇಲೆ ಸಣ್ಣ ಫೋಟೋ ಹಾಕುತ್ತೇನೆ. ತೊಂದರೆ ಆಯಿತು, ಕ್ಷಮಿಸಿ."

ಬೈದಿದ್ದರೆ ಅಡ್ಡಿ ಇರಲಿಲ್ಲ. ಕ್ಷಮಿಸಿ ಅಂದುಬಿಟ್ಟರಲ್ಲ, ಅದು ಕಷ್ಟ ಆಯಿತು.

ಆಗಿದ್ದು ಇಷ್ಟೇ. ಮಟ್‌ನಲ್ಲಿ ಸಣ್ಣ ಆರ್ ಒತ್ತಿದರೆ ಕಳಿಸಿದವರಿಗೆ ಮಾತ್ರ ಉತ್ತರ. ಎಲ್ಲರಿಗೂ ಹೋಗಬೇಕು ಅಂದರೆ ಜಿ. ಹಳೇ ಮೇಲ್ ಕಮಾಂಡ್ 1978ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕರ್ಟ್ ಶೋನ್ಸ್ ಬರೆದ ಪ್ರೋಗ್ರಾಂನ ಸಂತಾನ. ಅದರಲ್ಲಿ ಸಣ್ಣ ಆರ್ ಅಂದರೆ ಎಲ್ಲರಿಗೂ, ದೊಡ್ಡ ಆರ್ ಅಂದರೆ ಕಳಿಸಿದವರಿಗೆ ಮಾತ್ರ. ಪೂರ್ತಿ ತಿರುಗಾಮುರುಗಾ. ಸಿಸಿಯಲ್ಲಿ ಆ ಹಿರಿಯರ ವಿಳಾಸ ಇತ್ತು. ನಾನು ನೋಡಿರಲಿಲ್ಲ. ಇನ್ನೂ ತಮಾಷೆ ಅಂದರೆ ಕೆಲವು ಕಡೆ ಒಂದು ಸೆಟ್ಟಿಂಗ್ ಹಾಕಿ ಇದನ್ನು ಮತ್ತೆ ಅದಲುಬದಲು ಮಾಡಿ ಇಟ್ಟಿರುತ್ತಾರೆ. ಹಾಗಾಗಿ ಹೊಸ ಸರ್ವರ್‌ಗೆ ಹೋದಾಗ ಮೊದಲು ನನಗೆ ನಾನೇ ಒಂದು ಮೇಲ್ ಕಳಿಸಿ, ಸಿಸಿಯಲ್ಲಿ ನನ್ನದೇ ಇನ್ನೊಂದು ವಿಳಾಸ ಹಾಕಿ, ಆರ್ ಒತ್ತಿ ನೋಡುತ್ತೇನೆ. ಎರಡು ನಿಮಿಷದ ಕೆಲಸ.

ಆ ಹಳೇ ಪ್ರೋಗ್ರಾಂನಲ್ಲೂ ಕಳಿಸುವ ಮುಂಚೆ ನೋಡಿಕೊಳ್ಳಲು ದಾರಿ ಇದೆ. ಬರೆಯುತ್ತಿರುವಾಗ ಹೊಸ ಸಾಲಿನ ಶುರುವಿಗೆ ಅಲೆ ಚಿಹ್ನೆ (~) ಹಾಕಿ ಪಿ ಒತ್ತಿದರೆ ಯಾರಿಗೆ, ಏನು ವಿಷಯ, ಇಲ್ಲಿವರೆಗೆ ಏನು ಬರೆದಿದ್ದೇವೆ ಎಲ್ಲ ತೋರಿಸುತ್ತದೆ. ಅಲೆ ಮತ್ತು ಎಚ್ ಹಾಕಿದರೆ ವಿಳಾಸ ತಿದ್ದಬಹುದು. ಅಲೆ ಮತ್ತು ಎಂ ಹಾಕಿದರೆ ಅವರ ಮೇಲ್ ಒಳಗೆ ಬಂದು ಕೂರುತ್ತದೆ. ಬೇಡ ಅನಿಸಿದರೆ ಅಲೆ ಮತ್ತು ಕ್ಯೂ. ಇದೆಲ್ಲ ನನಗೆ ಗೊತ್ತಿತ್ತು. ಕೈ ಮಾತ್ರ ಚುಕ್ಕಿ ಇಟ್ಟಾಗಿತ್ತು.

ಆವತ್ತು ಸಂಜೆಯೇ ನನ್ನ ಲ್ಯಾಪ್‌ಟಾಪ್‌ನಲ್ಲಿ ಮಟ್ ಹೊಂದಿಸಲು ಕೂತೆ. ಮೈಕಲ್ ಎಲ್ಕಿನ್ಸ್ 1995ರಲ್ಲಿ ಶುರು ಮಾಡಿದ ಪ್ರೋಗ್ರಾಂ ಇದು. ಎಲ್ಲ ಮೇಲ್ ಪ್ರೋಗ್ರಾಂಗಳೂ ದರಿದ್ರವೇ, ಇದು ಸ್ವಲ್ಪ ಕಡಿಮೆ ದರಿದ್ರ ಅಂತ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತದೆ. ಆ ಮಾತಿಗೇ ನನಗೆ ಇಷ್ಟ. ಮೇಲ್ ಇಳಿಸಿ ತರಲು ಎಂಬಿಸಿಂಕ್, ಕಳಿಸಲು ಎಂಎಸ್‌ಎಂಟಿಪಿ, ಓದಿ ಬರೆಯಲು ಮಟ್. ಮೂರೂ ಬೇರೆ ಬೇರೆ. ಜಿಮೇಲ್‌ಗೆ ಮಾತ್ರ ಒಂದು ಕಿರಿಕಿರಿ. 2022ರಿಂದ ಮಾಮೂಲಿ ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಡುವುದಿಲ್ಲ. ಎರಡು ಹಂತದ ಪರಿಶೀಲನೆ ಹಾಕಿಕೊಂಡು, ಆ್ಯಪ್ ಪಾಸ್‌ವರ್ಡ್ ಅಂತ ಹದಿನಾರು ಅಕ್ಷರದ್ದು ಬೇರೆ ತೆಗೆದುಕೊಳ್ಳಬೇಕು.

ಈಗ ನಾನು ಉತ್ತರ ಬರೆಯುವುದು ಹೀಗೆ. ಮೇಲ್ ಮೇಲೆ ನಿಂತು ಆರ್ ಒತ್ತುತ್ತೇನೆ. ಕೆಳಗೆ ಒಂದು ಸಾಲಿನಲ್ಲಿ ಯಾರಿಗೆ ಹೋಗುತ್ತಿದೆ ಅಂತ ತೋರಿಸಿ ನಿಲ್ಲುತ್ತದೆ. ಎಂಟರ್. ವಿಷಯ ತೋರಿಸುತ್ತದೆ. ಎಂಟರ್. ಅವರು ಬರೆದದ್ದನ್ನು ಉತ್ತರದಲ್ಲಿ ಸೇರಿಸಲಾ ಅಂತ ಕೇಳುತ್ತದೆ. ಹೂಂ ಅಂದರೆ ಎಡಿಟರ್, ಅಂದರೆ ಬರೆಯುವ ಪ್ರೋಗ್ರಾಂ, ತೆರೆಯುತ್ತದೆ, ಅವರ ಒಂದೊಂದು ಸಾಲಿನ ಮುಂದೆಯೂ ಬಾಣದ ಗುರುತು. ಬರೆದು ಮುಚ್ಚಿದ ಮೇಲೂ ಮೇಲ್ ಹೋಗುವುದಿಲ್ಲ. ಇನ್ನೊಂದು ಪರದೆ ಬರುತ್ತದೆ. ಯಾರಿಂದ, ಯಾರಿಗೆ, ಸಿಸಿ, ವಿಷಯ, ಲಗತ್ತುಗಳು, ಎಲ್ಲ ಒಂದರ ಕೆಳಗೊಂದು. ಟಿ ಒತ್ತಿ ವಿಳಾಸ ತಿದ್ದಬಹುದು, ಸಿ ಒತ್ತಿ ಸಿಸಿ, ಎಸ್ ಒತ್ತಿ ವಿಷಯ. ಕೊನೆಗೆ ವೈ ಒತ್ತಿದರೆ ಮಾತ್ರ ಹೋಗುತ್ತದೆ.

ಈ ಮಧ್ಯದ ಪ್ರಶ್ನೆಗಳು ಬೇಡ ಅಂತ ತೆಗೆದುಹಾಕಲು ಒಂದು ಸೆಟ್ಟಿಂಗ್ ಇದೆ. ಬೆಂಗಳೂರಿನಲ್ಲಿದ್ದಾಗ ಹಾಕಿಕೊಂಡಿದ್ದೆ. ಈಗ ಹಾಕಿಕೊಂಡಿಲ್ಲ. ಎಂಟರ್ ಒತ್ತುವ ಆ ಅರ್ಧ ಸೆಕೆಂಡಿನಲ್ಲಿ ಕಣ್ಣು ತಾನಾಗಿ ವಿಳಾಸದ ಮೇಲೆ ಬೀಳುತ್ತದೆ.

ಉತ್ತರವನ್ನು ಮೇಲೆ ಬರೆಯಬೇಕೋ ಕೆಳಗೆ ಬರೆಯಬೇಕೋ ಅಂತ ಜಗಳ ಆಡುವವರಿದ್ದಾರೆ. ನನಗೆ ನಡುವೆ ಬರೆದೇ ರೂಢಿ. ಆ ಹಿರಿಯರಿಗೆ ಮೊನ್ನೆ ಬರೆದದ್ದು ಹೀಗಿತ್ತು:

> ದರದ ಪುಟ ಬದಲಾಯಿಸಿದ್ದು ಕಾಣುತ್ತಿಲ್ಲ.
ಬದಲಾಗಿದೆ. ನಿಮ್ಮ ಫೋನ್ ಹಳೇದನ್ನೇ ತೋರಿಸುತ್ತಿರಬೇಕು. ಒಮ್ಮೆ ರಿಫ್ರೆಶ್ ಮಾಡಿ.

> ಮುಂದಿನ ವಾರ ಈ ಕಡೆ ಬರುತ್ತೀರಾ?
ಮಂಗಳವಾರ ಬರುತ್ತೇನೆ, ಘಟ್ಟದ ದಾರಿ ಸರಿ ಇದ್ದರೆ.

ಉಳಿದ ಮೂವತ್ತು ಸಾಲು ಅಳಿಸಿದೆ. ಅವರ ಪ್ರಶ್ನೆ, ಅದರ ಕೆಳಗೇ ನನ್ನ ಉತ್ತರ. ಓದುವವರು ಹುಡುಕಾಡಬೇಕಾಗಿಲ್ಲ. ಅಳಿಸುವುದಕ್ಕೆ ಸೋಮಾರಿತನ ಮಾಡಿದರೆ ಮಾತ್ರ ಈ ಕ್ರಮ ಕೆಟ್ಟದ್ದು. ಪೂರ್ತಿ ಮೇಲ್ ಎಳೆದುಕೊಂಡು ಅಡಿಯಲ್ಲಿ "ಸರಿ" ಅಂತ ಒಂದೇ ಪದ ಬರೆಯುವವರ ಮೇಲೆ ನನಗೂ ಸಿಟ್ಟು ಬರುತ್ತದೆ.

ಇನ್ನೊಂದು ಸೆಟ್ಟಿಂಗ್ ನನಗೆ ತುಂಬಾ ಉಪಯೋಗ ಆಗಿದೆ. ಎಡಿಟ್ ಹೆಡರ್ಸ್ ಅಂತ. ಹಾಕಿಕೊಂಡರೆ ಎಡಿಟರ್‌ನಲ್ಲೇ ಮೇಲೆ ಯಾರಿಗೆ, ವಿಷಯ ಮುಂತಾದ ಹೆಡರ್ ಸಾಲುಗಳು ಕಾಣುತ್ತವೆ. ಅದರಲ್ಲಿ ಇನ್-ರಿಪ್ಲೈ-ಟು ಅನ್ನುವುದೊಂದು. ಪ್ರತಿ ಮೇಲ್‌ಗೂ ಒಂದು ಗುರುತು ಇರುತ್ತದೆ. ಯಾವ ಮೇಲ್‌ಗೆ ಉತ್ತರ ಕೊಡುತ್ತಿದ್ದೇವೋ ಅದರ ಗುರುತು ಈ ಸಾಲಿನಲ್ಲಿ ಕೂರುತ್ತದೆ. ಮೇಲ್‌ಗಳು ದಾರದಲ್ಲಿ ಪೋಣಿಸಿದ ಹಾಗೆ ಒಟ್ಟಿಗೆ ಕಾಣುವುದು ಅದರಿಂದ. ಹೊಸ ಮೇಲ್ ತೆರೆದು ವಿಷಯದಲ್ಲಿ ಸುಮ್ನೆ 'ರಿ' ಅಂತ ಬರೆದರೆ ಆ ದಾರ ಇರುವುದಿಲ್ಲ. ಇದರ ಉಲ್ಟಾ ಕೂಡ ಇದೆ. ವಿಳಾಸ ಹುಡುಕಲು ಬೇಜಾರಾಗಿ ಹಳೇ ಯಾವುದೋ ಮೇಲ್‌ಗೆ ಆರ್ ಒತ್ತಿ ಪೂರ್ತಿ ಬೇರೆ ವಿಷಯ ಬರೆಯುತ್ತೇವಲ್ಲ, ಆಗ ಆ ಒಂದು ಸಾಲು ಅಳಿಸಿದರೆ ಸಾಕು. ಹೊಸ ದಾರ ಶುರುವಾಗುತ್ತದೆ.

ಕನ್ನಡ ಬರೆಯಲು ಹೋದಾಗ ಪಾಡು ಬೇರೆ. ಹಳೇ ಮೇಲ್ ಕಮಾಂಡ್‌ನಲ್ಲಿ ಕನ್ನಡ ವಿಷಯ ಬಂದರೆ ಸಮ ಚಿಹ್ನೆ, ಪ್ರಶ್ನೆ ಚಿಹ್ನೆಗಳ ನಡುವೆ ಇಂಗ್ಲಿಷ್ ಅಕ್ಷರ, ಅಂಕೆಗಳ ಗೊಂಚಲು ಕಾಣುತ್ತಿತ್ತು. ಮಟ್ ಅದನ್ನು ಬಿಡಿಸಿ ಓದುತ್ತದೆ. ಆದರೆ ತೋರಿಸುವುದು ಟರ್ಮಿನಲ್‌ನ ಕೆಲಸ. ಬಹಳ ಟರ್ಮಿನಲ್‌ಗಳಿಗೆ ಒತ್ತಕ್ಷರ ಆಗಿಬರುವುದಿಲ್ಲ. ಅಡ್ಡಿಲ್ಲ ಅಂತ ಬರೆದರೆ ಅಡ್‌ಡಿಲ್‌ಲ ಅಂತ ಮುರಿದು ಬೀಳುತ್ತದೆ. ಓದಲು ಹೇಗೋ ಆಗುತ್ತದೆ, ಬರೆಯಲು ಆಗುವುದಿಲ್ಲ. ಕರ್ಸರ್ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ.

ಹಾಗಾಗಿ ಕನ್ನಡದ ಉತ್ತರಕ್ಕೆ ಎಡಿಟರ್ ಜಾಗದಲ್ಲಿ ಜಿಎಡಿಟ್ ಅನ್ನುವ, ತನ್ನದೇ ಕಿಟಕಿಯಲ್ಲಿ ತೆರೆಯುವ ಎಡಿಟರ್ ಹಾಕಿದೆ. ಆರ್ ಒತ್ತಿದೆ, ಕಿಟಕಿ ತೆರೆಯಿತು, ಸಂತೋಷದಲ್ಲಿ ಬರೆದೆ. ಸೇವ್ ಮಾಡಿ ಮಟ್‌ಗೆ ವಾಪಸ್ ಬಂದರೆ, ಸಂದೇಶದಲ್ಲಿ ಏನೂ ಬದಲಾಗಿಲ್ಲ, ರದ್ದು ಮಾಡಿದ್ದೇನೆ ಅಂತ ಅದು ಯಾವಾಗಲೋ ಹೇಳಿ ಮುಗಿಸಿತ್ತು. ಮೂರು ಸಲ ಹೀಗೇ ಆಯಿತು. ಆಮೇಲೆ ಹೊಳೆಯಿತು. ಎಡಿಟರ್ ಕೆಲಸ ಮುಗಿಸಿ ವಾಪಸ್ ಬರುವವರೆಗೆ ಮಟ್ ಕಾಯುತ್ತದೆ. ಜಿಎಡಿಟ್ ಮಾತ್ರ ಆಗಲೇ ತೆರೆದಿದ್ದ ತನ್ನ ಇನ್ನೊಂದು ಕಿಟಕಿಗೆ ಫೈಲ್ ದಾಟಿಸಿ ತಕ್ಷಣ ವಾಪಸ್ ಬರುತ್ತಿತ್ತು. ಮಟ್ ನೋಡಿದರೆ ಫೈಲ್ ಇದ್ದ ಹಾಗೇ ಇದೆ. ಜಿಎಡಿಟ್ ಕಮಾಂಡಿನ ಹಿಂದೆ 'ವೇಟ್' ಅನ್ನುವ ಆಯ್ಕೆ ಸೇರಿಸಿದೆ, ಸರಿಹೋಯಿತು. ಜಿವಿಮ್ ಅನ್ನುವ ಎಡಿಟರ್ ಬಳಸುವವರಿಗೂ ಇದೇ ಕಥೆ. ಅಲ್ಲಿ ಎಫ್ ಆಯ್ಕೆ ಹಾಕಬೇಕು.

ಲಗತ್ತು ಮರೆಯುವ ರೋಗಕ್ಕೂ ಮಟ್‌ನಲ್ಲಿ ಮದ್ದಿದೆ. ಉತ್ತರದಲ್ಲಿ ಅಟ್ಯಾಚ್ ಅನ್ನುವ ಪದ ಇದ್ದು ಫೈಲ್ ಸೇರಿಸಿರದಿದ್ದರೆ ಕಳಿಸುವ ಮುಂಚೆ ಕೇಳು ಅಂತ ಹೇಳಿಡಬಹುದು. ಹೇಳಿಟ್ಟೆ. ಆದರೂ ಬಿಲ್ ಇಲ್ಲದ ಉತ್ತರ ಎರಡು ಸಲ ಹೋಯಿತು. ಯಾಕೆಂದರೆ ನಾನು ಬರೆದದ್ದು "ಬಿಲ್ ಲಗತ್ತಿಸಿದ್ದೇನೆ" ಅಂತ. ಅದಕ್ಕೆ ಗೊತ್ತಿದ್ದದ್ದು ಇಂಗ್ಲಿಷ್ ಪದ ಮಾತ್ರ. ಹುಡುಕುವ ಪದಗಳ ಸಾಲಿಗೆ 'ಲಗತ್ತ' ಅಂತ ಸೇರಿಸಿದ ಮೇಲೆ ಸರಿಯಾಗಿ ಕೇಳುತ್ತಿದೆ.

ಈ ಹೊಂದಿಕೆಯಲ್ಲಿ ನನಗೆ ಜಾಸ್ತಿ ಖುಷಿ ಕೊಡುವುದು ನೆಟ್ ಇಲ್ಲದಾಗ ಬರೆಯುವುದು. ಎಂಬಿಸಿಂಕ್ ಮೇಲ್‌ಗಳನ್ನೆಲ್ಲ ಲ್ಯಾಪ್‌ಟಾಪ್‌ಗೆ ತಂದಿಟ್ಟಿರುತ್ತದೆ, ಒಂದು ಮೇಲ್‌ಗೆ ಒಂದು ಫೈಲ್. ಎಂಎಸ್‌ಎಂಟಿಪಿ ಜೊತೆಗೇ ಬರುವ ಒಂದು ಸಣ್ಣ ಸ್ಕ್ರಿಪ್ಟ್ ಇದೆ. ನೆಟ್ ಇಲ್ಲದಿದ್ದರೆ ಉತ್ತರವನ್ನು ಸಾಲಿನಲ್ಲಿ ನಿಲ್ಲಿಸಿ, ಆಮೇಲೆ ಕಳಿಸುತ್ತದೆ. ಆ ಮಂಗಳವಾರ ಕಾರವಾರಕ್ಕೆ ಹೋಗುವಾಗ ಕುಮಟಾ ಬಸ್ಸಿನಲ್ಲಿ ಹಾಗೇ ಮಾಡಿದೆ. ದೇವಿಮನೆ ಘಟ್ಟ ಶುರುವಾಗುವವರೆಗೆ ನಾಲ್ಕು ಉತ್ತರ. ತಿರುವುಗಳಲ್ಲಿ ತಲೆ ತಿರುಗಿ ಐದನೆಯದನ್ನು ಅರ್ಧಕ್ಕೇ ಬಿಟ್ಟೆ. ದೊಡ್ಡ ಪಿ ಒತ್ತಿದರೆ ಅರ್ಧ ಬರೆದದ್ದು ಹಾಗೇ ಉಳಿಯುತ್ತದೆ. ಕುಮಟಾ ಬಸ್ ಸ್ಟ್ಯಾಂಡ್‌ನಲ್ಲಿ ಸಿಗ್ನಲ್ ಬಂತು. ಚಾ ಕುಡಿಯುವಷ್ಟರಲ್ಲಿ ನಾಲ್ಕೂ ಹೋದವು.

ಎಲ್ಲರಿಗೂ ಇದನ್ನೇ ಬಳಸಿ ಅಂತ ಹೇಳುವುದಿಲ್ಲ. ಬಣ್ಣಬಣ್ಣದ ಎಚ್‌ಟಿಎಂಎಲ್ ಮೇಲ್ ಬಂದರೆ ಇನ್ನೊಂದು ಪ್ರೋಗ್ರಾಂ ಇಟ್ಟು ಬರೀ ಅಕ್ಷರ ಮಾಡಿಕೊಳ್ಳಬೇಕು, ಟೇಬಲ್ ಇದ್ದರೆ ಅದೂ ಚೆಲ್ಲಾಪಿಲ್ಲಿ. ಮೀಟಿಂಗ್ ಕರೆಗೆ ಉತ್ತರಿಸಲು ನಾನು ಈಗಲೂ ಫೋನನ್ನೇ ತೆಗೆಯುತ್ತೇನೆ. ಅಪ್ಪಯ್ಯ ಒಮ್ಮೆ ಹಿಂದೆ ನಿಂತು ಕಪ್ಪು ಪರದೆ ನೋಡಿ, ಕಂಪ್ಯೂಟರ್ ಹಾಳಾತನೋ ಅಂತ ಕೇಳಿದರು. ಹೌದು ಅನ್ನುವುದೇ ಸುಲಭ ಅನಿಸಿತು.

ಆವತ್ತು ಆ ಹಿರಿಯರ ಮನೆಯಲ್ಲಿ ಫೋಟೋ ಸಣ್ಣದು ಮಾಡುವುದನ್ನು ತೋರಿಸಿಕೊಟ್ಟೆ. ಹಳೇ ವಿಷಯ ಇಬ್ಬರೂ ಎತ್ತಲಿಲ್ಲ. ಮನೆಗೆ ಬಂದು ಮೇಲ್ ತೆರೆದರೆ ಅವರದ್ದೊಂದು ಇತ್ತು, ಸಹೋದ್ಯೋಗಿಗೂ ಸಿಸಿ. "ಕಲಿತೆ, ನೋಡಿ" ಅಂತ ಒಂದೇ ಸಾಲು. ಕೆಳಗೆ ಲಗತ್ತಿನ ಸಾಲಿನಲ್ಲಿ ಬಂಗಡೆ ಅಂತ ಫೈಲಿನ ಹೆಸರು, ಪಕ್ಕದಲ್ಲಿ ಗಾತ್ರ, 180 ಕೆಬಿ. ಟರ್ಮಿನಲ್‌ನಲ್ಲಿ ಮೀನು ಕಾಣಲಿಲ್ಲ, ಗಾತ್ರ ಕಂಡಿತು. ಈ ಸಲ ಜಿ ಒತ್ತಿದೆ. ಸಿಸಿ ಎರಡು ಸಲ ನೋಡಿದೆ. ಫೋಟೋ ಬಹಳ ಚೆನ್ನಾಗಿದೆ ಅಂತ ಬರೆದು ವೈ ಒತ್ತಿದೆ.