ಚೈನಿಗೆ ಎಣ್ಣೆ: ಕೈಯಲ್ಲಿ ಹಾಕೋದಾ, ತಾನಾಗಿ ತೊಟ್ಟಿಕ್ಕಲಿ ಅಂತ ಬಿಡೋದಾ?

ಜುಲೈ ತಿಂಗಳಲ್ಲಿ ಬೆಂಗಳೂರಿನಿಂದ ಆಗುಂಬೆ ಕಡೆಗೆ ಬೈಕಿನಲ್ಲಿ ಹೋದವರಿಗೆ ಈ ಸದ್ದು ಗೊತ್ತಿರುತ್ತದೆ. ಹೊರಡುವ ಹಿಂದಿನ ರಾತ್ರಿ ಚೈನಿಗೆ ಚೆನ್ನಾಗಿ ಲೂಬ್ ಎಣ್ಣೆ ಹೊಡೆದಿರುತ್ತೀರಿ. ಶಿವಮೊಗ್ಗ ದಾಟುವವರೆಗೂ ಎಲ್ಲ ಸುಖ. ಆಮೇಲೆ ಮಳೆ ಹಿಡಿಯುತ್ತದೆ. ತೀರ್ಥಹಳ್ಳಿಯಲ್ಲಿ ಉಳಿದು ಬೆಳಿಗ್ಗೆ ಗಾಡಿ ತಳ್ಳಿದರೆ ಕೆಳಗಿನಿಂದ ಕಿರ್ರ್ ಕಿರ್ರ್. ಬಗ್ಗಿ ನೋಡಿದರೆ ಚೈನು ಕುಂಕುಮ ಹಚ್ಚಿದ ಹಾಗೆ ಕೆಂಪಗಾಗಿದೆ. ಒಂದೇ ರಾತ್ರಿಗೆ!

ಅಲ್ಲಿ ನಿಂತಾಗಲೇ ನನಗೂ ಅನ್ನಿಸಿದ್ದು, ಓಡುವಾಗ ತಾನಾಗಿ ಎಣ್ಣೆ ಬೀಳುವ ವ್ಯವಸ್ಥೆ ಇದ್ದರೆ ಎಷ್ಟು ಚೆನ್ನ ಅಂತ. ಇದೆ. ಅದಕ್ಕೆ ಚೈನ್ ಆಯಿಲರ್ ಅಂತಾರೆ. ಆದರೆ ಎಲ್ಲರಿಗೂ ಅದು ಬೇಕಾ? ನನ್ನ ಪ್ರಕಾರ ಬೇಡ. ಮನೆಯಿಂದ ಆಫೀಸಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸುವವರಿಗೆ ಕೈಯಲ್ಲಿ ಹಾಕುವುದೇ ಸಾಕು. ದಿನವಿಡೀ ಮಳೆಯಲ್ಲಿ, ವಾರಗಟ್ಟಲೆ ರಸ್ತೆಯ ಮೇಲೇ ಇರುವವರ ಮಾತು ಬೇರೆ. ಎರಡನ್ನೂ ಮಾಡಿ ನೋಡಿ, ಒಂದರಲ್ಲಿ ಕೈ ಸುಟ್ಟುಕೊಂಡು ಹೇಳ್ತಿದ್ದೇನೆ.

ಎಣ್ಣೆ ಯಾಕೆ ಬೇಕು ಅನ್ನುವುದು ಮೊದಲು

ಚೈನು "ಉದ್ದ ಆಗಿದೆ" ಅಂತ ಮೆಕ್ಯಾನಿಕ್ ಹೇಳಿದಾಗ ಕಬ್ಬಿಣ ಎಳೆದು ಹಿಗ್ಗಿದೆ ಅಂತ ಅಂದುಕೊಳ್ಳುತ್ತೇವೆ. ಹಾಗಲ್ಲ. ಪ್ರತಿ ಲಿಂಕಿನ ಒಳಗೆ ಒಂದು ಪಿನ್ನು, ಅದರ ಸುತ್ತ ಸಣ್ಣ ಕೊಳವೆಯಂಥ ಒಂದು ಬುಷ್, ಬುಷ್ ಮೇಲೆ ತಿರುಗುವ ರೋಲರ್ ಇರುತ್ತದೆ. ಪಿನ್ನು ಮತ್ತು ಬುಷ್ ಉಜ್ಜಿ ಉಜ್ಜಿ ಸವೆಯುತ್ತವೆ. ಒಂದು ಲಿಂಕಿಗೆ 0.1 ಮಿ.ಮೀ. ಸವೆದರೆ ಕಣ್ಣಿಗೇ ಕಾಣುವುದಿಲ್ಲ. 110 ಲಿಂಕಿನ ಚೈನಿಗೆ ಅದೇ 11 ಮಿ.ಮೀ. ಆಗುತ್ತದೆ. ಆಗ ಲಿಂಕಿನ ಅಳತೆ ಒಂದು, ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಹಲ್ಲಿನ ಅಳತೆ ಇನ್ನೊಂದು. ಹಲ್ಲು ಒಂದು ಕಡೆಗೆ ವಾಲಿ ಗರಗಸದ ಹಾಗೆ ಆಗುವುದು ಇದರಿಂದಲೇ.

ಈಗಿನ ಸ್ವಲ್ಪ ದೊಡ್ಡ ಗಾಡಿಗಳಲ್ಲಿ ಇರುವುದು ಓ-ರಿಂಗ್ ಚೈನ್, ಅಥವಾ ಅದರ ತಮ್ಮ ಎಕ್ಸ್-ರಿಂಗ್. ಇದರಲ್ಲಿ ಪಿನ್ನು-ಬುಷ್ ನಡುವೆ ಫ್ಯಾಕ್ಟರಿಯಲ್ಲೇ ಗ್ರೀಸ್ ತುಂಬಿ, ಎರಡೂ ಬದಿಗೆ ರಬ್ಬರ್ ಉಂಗುರ ಹಾಕಿ ಸೀಲ್ ಮಾಡಿರುತ್ತಾರೆ. ನೀವು ಹೊರಗಿನಿಂದ ಸುರಿದ ಎಣ್ಣೆ ಒಳಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಹಾಗಾದರೆ ಯಾಕೆ ಹಾಕಬೇಕು? ರೋಲರ್ ಸಲೀಸಾಗಿ ತಿರುಗಲಿ, ಹೊರಗೆ ತುಕ್ಕು ಹಿಡಿಯದಿರಲಿ, ಆ ರಬ್ಬರ್ ಒಣಗಿ ಬಿರುಕು ಬಿಡದಿರಲಿ ಅಂತ. ಒಂದು ಸಲ ರಬ್ಬರ್ ಹರಿದು ಒಳಗಿನ ಗ್ರೀಸ್ ಹೋಯಿತೋ, ಆ ಚೈನಿನ ಕಥೆ ಮುಗಿದ ಹಾಗೆ. ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಚೈನು ಸಾದಾ, ಆದರೆ ಪೂರ್ತಿ ಕವರ್ ಒಳಗೆ ಇರುತ್ತದೆ. ನಮ್ಮ ಅಪ್ಪನ ಕಾಲದ ಗಾಡಿಗಳ ಚೈನು ವರ್ಷಗಟ್ಟಲೆ ಬರುತ್ತಿದ್ದುದರ ಗುಟ್ಟು ಆ ತಗಡಿನ ಕವರ್. ಸ್ಟೈಲಿಗೋಸ್ಕರ ಅದನ್ನು ತೆಗೆದೆಸೆದು ಈಗ ಸ್ಪ್ರೇ ಡಬ್ಬಿಗೆ ನಾನೂರು ಐನೂರು ಕೊಡ್ತಿದ್ದೇವೆ, ಇರಲಿ.

ಕೈಯಲ್ಲಿ ಹಾಕುವ ಕ್ರಮ

ಬೇಕಾದ್ದು ಇಷ್ಟೇ. ಸ್ವಲ್ಪ ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಸ್ಪ್ರೇ, ಹಳೇ ಟೂತ್‌ಬ್ರಷ್, ಎರಡು ಹಳೇ ಬನಿಯನ್, ಕೆಳಗೆ ಹಾಸಲು ರಟ್ಟು, ಮತ್ತೆ 90 ಗ್ರೇಡಿನ ದಪ್ಪ ಗೇರ್ ಆಯಿಲ್ ಅಥವಾ ಲೂಬ್ ಸ್ಪ್ರೇ. ಪೆಟ್ರೋಲ್ ಬೇಡ, ಓ-ರಿಂಗ್ ರಬ್ಬರನ್ನು ಅದು ಹಾಳು ಮಾಡುತ್ತದೆ. ತಂತಿಯ ಬ್ರಷ್ಷೂ ಬೇಡ. ವಾಟರ್ ಸರ್ವಿಸ್‌ಗೆ ಕೊಟ್ಟಾಗ ಪ್ರೆಶರ್ ನೀರನ್ನು ನೇರ ಚೈನಿಗೆ ಹಿಡಿಯಬೇಡಿ ಅಂತ ಹುಡುಗನಿಗೆ ಒಂದು ಮಾತು ಹೇಳಿ.

ಗಾಡಿ ಸ್ವಲ್ಪ ಓಡಿಸಿ ಬಂದ ಮೇಲೆ ಶುರು ಮಾಡಿ. ಚೈನು ಬೆಚ್ಚಗಿದ್ದರೆ ಕೊಳೆಯೂ ಬೇಗ ಬಿಡುತ್ತದೆ, ಎಣ್ಣೆಯೂ ಸಂದಿಗೆ ಇಳಿಯುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ. ಇಲ್ಲದಿದ್ದರೆ ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡ್. ಅದೂ ಇಲ್ಲ ಅಂದರೆ ಸ್ವಲ್ಪ ಸ್ವಲ್ಪ ಮುಂದೆ ತಳ್ಳುತ್ತಾ ಕಂತಿನಲ್ಲಿ ಮಾಡಬೇಕು, ಬೇಜಾರಿನ ಕೆಲಸ, ಆದರೆ ಆಗುತ್ತದೆ. ಎಂಜಿನ್ ಆಫ್, ಗಾಡಿ ನ್ಯೂಟ್ರಲ್, ಕೀ ಜೇಬಿನಲ್ಲಿ. ಇದನ್ನು ಒತ್ತಿ ಹೇಳ್ತೇನೆ. ಕೆಲವರು ಸುಲಭ ಅಂತ ಗಾಡಿ ಸ್ಟಾರ್ಟ್ ಮಾಡಿ, ಮೊದಲನೇ ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುತ್ತಾರೆ. ಬಟ್ಟೆ ಸಿಕ್ಕಿಕೊಂಡರೆ ಅದರ ಹಿಂದೆ ಬೆರಳು ಹೋಗುತ್ತದೆ. ಸ್ಪ್ರಾಕೆಟ್ ಬೆರಳು ಅಂತ ನೋಡುವುದಿಲ್ಲ. ಚಕ್ರ ಕೈಯಲ್ಲೇ ತಿರುಗಿಸಿ.

ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ನಾಲ್ಕೂ ಕಡೆ ಉಜ್ಜಿ. ಮೇಲೆ, ಕೆಳಗೆ, ಎರಡು ಬದಿ. ಒಳಬದಿ ಕಾಣುವುದಿಲ್ಲ ಅಂತ ಬಿಡಬೇಡಿ, ಕೊಳೆ ಜಾಸ್ತಿ ಇರುವುದೇ ಅಲ್ಲಿ. ಆಮೇಲೆ ಬನಿಯನ್ ಬಟ್ಟೆಯಲ್ಲಿ ಚೈನನ್ನು ಹಿಡಿದು ಚಕ್ರ ತಿರುಗಿಸಿ ಒರೆಸಿ, ಹತ್ತು ನಿಮಿಷ ಒಣಗಲು ಬಿಡಿ.

ಎಣ್ಣೆ ಹಾಕುವ ಜಾಗದಲ್ಲೇ ಜಾಸ್ತಿ ಜನ ತಪ್ಪುವುದು. ಚೈನಿನ ಹೊರಮೈಗೆ ಹೊಡೆದರೆ ಅದು ಓಡುವಾಗ ಹಾರಿ ರಿಮ್ಮಿಗೆ, ನಿಮ್ಮ ಪ್ಯಾಂಟಿಗೆ. ಕೆಳಗಿನ ಸಾಲಿನಲ್ಲಿ, ಹಿಂದಿನ ಸ್ಪ್ರಾಕೆಟ್‌ಗೆ ಸ್ವಲ್ಪ ಮುಂದೆ, ಚೈನಿನ ಒಳಮೈಗೆ ಹಾಕಿ. ಗಾಡಿ ಓಡುವಾಗ ಎಣ್ಣೆ ಹೊರಕ್ಕೆ ಚಿಮ್ಮಲು ನೋಡುತ್ತದಲ್ಲ, ಆ ದಾರಿಯಲ್ಲೇ ಅದು ರೋಲರ್ ದಾಟಿಕೊಂಡು ಹೋಗಬೇಕು. ನಾನು ಸೂಜಿ ತೆಗೆದ 10 ಮಿ.ಲೀ. ಸಿರಿಂಜಿನಲ್ಲಿ ಗೇರ್ ಆಯಿಲ್ ತುಂಬಿಕೊಂಡು ಒಂದೊಂದು ರೋಲರಿಗೆ ಎರಡೂ ಬದಿಯಿಂದ ಒಂದೊಂದು ಹನಿ ಬಿಡುತ್ತೇನೆ. ಚಕ್ರ ಹಿಂದಕ್ಕೆ ತಿರುಗಿಸುತ್ತಾ ಹೋಗಿ. ಎಲ್ಲಿಂದ ಶುರು ಮಾಡಿದ್ದು ಅಂತ ಮರೆಯದಿರಲು ಒಂದು ಲಿಂಕಿಗೆ ಸೀಮೆಸುಣ್ಣದ ಗುರುತು ಹಾಕಿ. ಸ್ಪ್ರೇ ಆದರೆ ಮೂರು ಸುತ್ತು ಸಾಕು, ಟೈರಿಗೆ ಬೀಳದಂತೆ ಹಿಂದೆ ರಟ್ಟು ಅಡ್ಡ ಹಿಡಿಯಿರಿ. ಅರ್ಧ ಗಂಟೆ ಬಿಟ್ಟು, ಹೊರಗೆ ಮಿಂಚುತ್ತಿರುವ ಎಣ್ಣೆಯನ್ನು ಒರೆಸಿಬಿಡಿ. ಹೊರಗೆ ಇರುವುದು ಧೂಳು ಹಿಡಿಯುವುದಕ್ಕೆ ಮಾತ್ರ ಉಪಯೋಗ.

ಎಷ್ಟು ದಿನಕ್ಕೊಮ್ಮೆ? ಸುಮಾರು 500 ಕಿ.ಮೀ.ಗೆ ಒಂದು ಸಲ ಅನ್ನುವುದು ಸಾಮಾನ್ಯ ಲೆಕ್ಕ, ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದೇ ಅಂತಿಮ. ಮಳೆಯಲ್ಲಿ ನೆನೆದರೆ ಕಿಲೋಮೀಟರ್ ಲೆಕ್ಕ ಬಿಟ್ಟು ಅವತ್ತೇ ಸಂಜೆ ಹಾಕಿ.

ತಾನಾಗಿ ಬೀಳುವ ಎಣ್ಣೆ

ಇದು ಹೊಸ ಐಡಿಯಾ ಅಲ್ಲ. 1969ರ ಹೋಂಡಾ ಸಿಬಿ750 ಗಾಡಿಯಲ್ಲೇ ಮುಂದಿನ ಸ್ಪ್ರಾಕೆಟ್ ಇರುವ ಶಾಫ್ಟಿನ ಮೂಲಕ ಎಂಜಿನ್ ಆಯಿಲ್ ಚೈನಿಗೆ ಬರುತ್ತಿತ್ತು. ಆಮೇಲೆ ಓ-ರಿಂಗ್ ಚೈನು ಬಂತು, ಕಂಪನಿಗಳು ಆ ತಲೆನೋವು ಬಿಟ್ಟವು. ಈಗ ಬೇಕೆನ್ನುವವರು ಹೊರಗಿನಿಂದ ತಂದು ಹಾಕಿಸಿಕೊಳ್ಳಬೇಕು.

ಹೆಸರಾಗಿರುವುದು ಸ್ಕಾಟ್ಲೆಂಡಿನ ಸ್ಕಾಟ್‌ಆಯಿಲರ್. ಅದರ ಹಳೇ ಮಾದರಿ ಬಲು ಸರಳ. ಎಂಜಿನ್ ಗಾಳಿ ಎಳೆದುಕೊಳ್ಳುವ ಕಡೆಯಿಂದ ಒಂದು ಸಣ್ಣ ಪೈಪು ಎಣ್ಣೆ ಡಬ್ಬಿಗೆ ಬರುತ್ತದೆ. ಎಂಜಿನ್ ಓಡುವಾಗ ಆ ಎಳೆತಕ್ಕೆ ಡಬ್ಬಿಯ ವಾಲ್ವ್ ತೆರೆಯುತ್ತದೆ, ಎಣ್ಣೆ ತನ್ನ ಭಾರಕ್ಕೆ ಇಳಿದು ಹಿಂದಿನ ಸ್ಪ್ರಾಕೆಟ್ ಮೇಲೆ ನಿಮಿಷಕ್ಕೆ ಒಂದೆರಡು ಹನಿ ಬೀಳುತ್ತದೆ. ಎಂಜಿನ್ ನಿಂತರೆ ವಾಲ್ವ್ ಬಂದ್. ಕರೆಂಟಿನಿಂದ ನಡೆಯುವವೂ ಇವೆ. ಅವು ಗಾಡಿ ಚಲಿಸುತ್ತಿದೆಯಾ, ಎಷ್ಟು ದೂರ ಹೋಯಿತು ಅಂತ ನೋಡಿ ಪಂಪಿನಲ್ಲಿ ಎಣ್ಣೆ ಬಿಡುತ್ತವೆ. ಟುಟೊರೊ ಅನ್ನುವ ಇನ್ನೊಂದರಲ್ಲಿ ಗಾಡಿಯ ಅಲುಗಾಟಕ್ಕೇ ಒಳಗಿನ ವಾಲ್ವ್ ತೆರೆಯುತ್ತದೆ. ವಿದೇಶದಿಂದ ತರಿಸುವುದಾದರೆ ಡ್ಯೂಟಿ, ಕೊರಿಯರ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಅದೇ ದುಡ್ಡಿಗೆ ಎಷ್ಟು ಚೈನ್ ಸೆಟ್ (ಚೈನು, ಎರಡು ಸ್ಪ್ರಾಕೆಟ್) ಬರುತ್ತದೆ ಅಂತಲೂ ನೋಡಿ.

ನಾನು ಲೆಕ್ಕ ಹಾಕಿ, ಹೌಹಾರಿ, ಮೆಡಿಕಲ್ ಸ್ಟೋರಿಗೆ ಹೋದೆ. ಗ್ಲೂಕೋಸ್ ಏರಿಸುವ ಡ್ರಿಪ್ ಸೆಟ್ ಇರುತ್ತದಲ್ಲ, ಅದನ್ನೇ ಬೈಕಿಗೆ ಕಟ್ಟುವವರು ಬಹಳ ಜನ ಇದ್ದಾರೆ. "ಯಾರಿಗೆ ಹುಷಾರಿಲ್ಲ?" ಅಂತ ಅಂಗಡಿಯವರು ಕೇಳಿದರು. "ಗಾಡಿಗೆ" ಅಂದೆ. ಒಂದು ಕ್ಷಣ ಮುಖ ನೋಡಿ ಕೊಟ್ಟರು.

ಕಟ್ಟುವ ರೀತಿ ಹೇಳ್ತೇನೆ. 100 ಮಿ.ಲೀ. ಹಿಡಿಯುವ ಗಟ್ಟಿ ಪ್ಲಾಸ್ಟಿಕ್ ಬಾಟಲಿ ಸೀಟಿನ ಪಕ್ಕದ ಪೈಪಿಗೆ, ಸೈಲೆನ್ಸರ್‌ನಿಂದ ದೂರ. ಮುಚ್ಚಳದಲ್ಲಿ ಗಾಳಿ ಹೋಗಲು ಸೂಜಿಮೊನೆಯ ತೂತು, ಇಲ್ಲದಿದ್ದರೆ ಹನಿ ನಿಂತುಹೋಗುತ್ತದೆ. ಟ್ಯೂಬು ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಗುಂಟ ಹಿಂದಕ್ಕೆ, ಎರಡು ಕಡೆ ಪ್ಲಾಸ್ಟಿಕ್ ಟ್ಯಾಗ್ ಬಿಗಿಯಿರಿ, ಹಿಂದಿನ ಚಕ್ರ ಏರಿಳಿಯುವಾಗ ಎಳೆಯದಷ್ಟು ಸಡಿಲ ಬಿಡಿ. ತುದಿಯನ್ನು ಓರೆಯಾಗಿ ಕತ್ತರಿಸಿ, ಹಿಂದಿನ ಸ್ಪ್ರಾಕೆಟ್‌ನ ಮೈಗೆ, ಹಲ್ಲಿನ ಬುಡದ ಹತ್ತಿರ, ಗಡಿಯಾರದಲ್ಲಿ 6-7 ಗಂಟೆಯ ಜಾಗದಲ್ಲಿ ತಾಗಿತೋ ಇಲ್ಲವೋ ಅನ್ನುವಂತೆ ನಿಲ್ಲಿಸಿ. ತುದಿ ಅಲ್ಲಾಡದ ಹಾಗೆ ದಪ್ಪ ತಂತಿಯ ಆಸರೆ ಕೊಡಿ. ಅದು ಜಾರಿ ಟೈರಿನ ಕಡೆ ತಿರುಗಿದರೆ ಎಣ್ಣೆ ಬೀಳುವುದು ಟೈರಿಗೆ. ತಿರುವಿನಲ್ಲಿ ನೀವೂ ಬೀಳುತ್ತೀರಿ.

ಡ್ರಿಪ್ ಸೆಟ್ ಪ್ಯಾಕೆಟ್ ಮೇಲೆ 20 ಹನಿಗೆ 1 ಮಿ.ಲೀ. ಅಂತ ಇರುತ್ತದೆ. ಅದು ನೀರಿನಂಥ ದ್ರವದ ಲೆಕ್ಕ, ಎಣ್ಣೆಯ ಹನಿ ಅದಕ್ಕಿಂತ ಚಿಕ್ಕದು. ಟ್ಯೂಬಿನ ಮೇಲಿರುವ ಸಣ್ಣ ಚಕ್ರ ತಿರುಗಿಸಿ ನಿಮಿಷಕ್ಕೆ ಒಂದು ಹನಿಗೆ ಸೆಟ್ ಮಾಡಿದರೆ ಗಂಟೆಗೆ 3 ಮಿ.ಲೀ.ಗಿಂತ ಕಡಿಮೆ. ತುಂಬಿದ ಬಾಟಲಿ ಮೂವತ್ತು ಗಂಟೆಗೂ ಜಾಸ್ತಿ ಬರಬೇಕು, ಕಾಗದದ ಮೇಲೆ! ತೊಂದರೆ ಏನೆಂದರೆ ಎಣ್ಣೆಗೆ ಬಿಸಿಲು ತಾಗಿದರೆ ನೀರಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ಮುಳ್ಳಯ್ಯನಗಿರಿಯ ಚಳಿಯಲ್ಲಿ ಸರಿಯಾಗಿ ಸೆಟ್ ಮಾಡಿದ ಹನಿ, ಮಧ್ಯಾಹ್ನ ಚಿತ್ರದುರ್ಗದ ಹತ್ತಿರ ಬರುವಷ್ಟರಲ್ಲಿ ಧಾರೆ ಆಗಿತ್ತು. 90 ಗ್ರೇಡ್‌ನಲ್ಲಿ ಈ ಏರುಪೇರು ಜಾಸ್ತಿ, ತೆಳು ಎಣ್ಣೆ ಹಾಕಿದರೆ ಸ್ವಲ್ಪ ಕಡಿಮೆ. ಪ್ರತಿ ಸಲ ಟೀಗೆ ನಿಲ್ಲಿಸಿದಾಗ ಬಗ್ಗಿ ಹನಿ ಎಣಿಸುವುದೇ ಕೆಲಸ. ತಾನಾಗಿ ಆಗುತ್ತದೆ ಅಂತ ತಾನೇ ಕಟ್ಟಿದ್ದು?

ಆದರೂ ಅದರ ಒಳ್ಳೆಯ ಗುಣ ಹೇಳಲೇಬೇಕು. ಆ ಸಲದ ಮಳೆಯಲ್ಲಿ ಚೈನು ಕೆಂಪಾಗಲಿಲ್ಲ. ಎಣ್ಣೆ ನಿಧಾನಕ್ಕೆ ಬರುತ್ತಲೇ ಇರುವುದರಿಂದ ನೀರು, ಮಣ್ಣು ಅದರ ಜೊತೆ ತೊಳೆದುಕೊಂಡು ಹೋಗುತ್ತವೆ. ಸ್ಪ್ರೇ ಮೇಣದ ಹಾಗೆ ಕೂತು ಮಣ್ಣನ್ನು ಹಿಡಿದುಕೊಳ್ಳುತ್ತದಲ್ಲ, ಆ ಕಾಟ ಇಲ್ಲ. ಬದಲಿಗೆ ರಿಮ್ಮು ಕಪ್ಪು, ನಂಬರ್ ಪ್ಲೇಟು ಕಪ್ಪು, ಹಿಂದೆ ಕಟ್ಟಿದ ಬ್ಯಾಗಿನ ಬುಡವೂ ಕಪ್ಪು.

ಯಾವುದನ್ನೇ ಹಾಕಿ, ಎರಡು ಕೆಲಸ ಕೈಯಲ್ಲೇ ಆಗಬೇಕು. ಒಂದು, ಚೈನಿನ ಲೂಸ್ ನೋಡುವುದು. ಕೆಳಗಿನ ಸಾಲಿನ ಮಧ್ಯ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ, ಎಷ್ಟು ಮಿ.ಮೀ. ಇರಬೇಕು ಅಂತ ಪುಸ್ತಕದಲ್ಲೋ ಸ್ವಿಂಗ್ ಆರ್ಮ್ ಸ್ಟಿಕ್ಕರಿನಲ್ಲೋ ಬರೆದಿರುತ್ತದೆ. ತುಂಬಾ ಟೈಟ್ ಮಾಡಿದರೆ ಲೂಸ್‌ಗಿಂತ ಕೆಟ್ಟದ್ದು, ಬೇರಿಂಗ್ ಹೋಗುತ್ತದೆ. ಇನ್ನೊಂದು, ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಭಾಗದಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆಯುವುದು. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಎಣ್ಣೆಯ ಮಾತು ಬಿಡಿ, ಚೈನ್ ಸೆಟ್ ಪೂರ್ತಿ ಬದಲಿಸಿ. ಹಳೇ ಸ್ಪ್ರಾಕೆಟ್‌ಗೆ ಹೊಸ ಚೈನು ಹಾಕಿ ಉಳಿಸಲು ಹೋದರೆ ಹೊಸದೂ ಬೇಗ ಸವೆಯುತ್ತದೆ.

ನನ್ನ ಡ್ರಿಪ್ ಕಥೆ ಮುಗಿದದ್ದು ಹೀಗೆ. ಎಂಜಿನ್ ಆಫ್ ಮಾಡಿದರೆ ಸ್ಕಾಟ್‌ಆಯಿಲರ್ ತಾನಾಗಿ ನಿಲ್ಲುತ್ತದೆ, ಡ್ರಿಪ್ ಸೆಟ್ಟಿನಲ್ಲಿ ಆ ಸಣ್ಣ ಚಕ್ರ ತಿರುಗಿಸಿ ನಾವೇ ಮುಚ್ಚಬೇಕು. ಒಂದು ರಾತ್ರಿ ಹನ್ನೊಂದಕ್ಕೆ ಸುಸ್ತಾಗಿ ಬಂದು ಗೇಟಿನ ಒಳಗೆ ಗಾಡಿ ನಿಲ್ಲಿಸಿ ಸೀದಾ ಮಲಗಿಬಿಟ್ಟೆ. ಬೆಳಿಗ್ಗೆ ಆರಕ್ಕೆ ಓನರ್ ಆಂಟಿ ಬಾಗಿಲು ಬಡಿದರು. ಬಾಟಲಿ ಖಾಲಿ. ಅವರು ದಿನಾ ರಂಗೋಲಿ ಹಾಕುವ ಜಾಗದಲ್ಲಿ ಎಣ್ಣೆಯ ಕೆರೆ. "ಏನಪ್ಪಾ ಇದು, ಇಲ್ಲೇ ಬಜ್ಜಿ ಕರಿಯೋದಾ?" ಅಂದರು. ಮರದ ಹೊಟ್ಟು ತಂದು ಸುರಿದು, ಎಣ್ಣೆ ಹೀರಿದ ಮೇಲೆ ಗುಡಿಸಿ, ಬಟ್ಟೆ ಸೋಪಿನ ಪುಡಿ ಹಾಕಿ ಮೂರು ಸಲ ತಿಕ್ಕಿದೆ. ನಿಮಗೂ ಹಾಗಾದರೆ ಮೊದಲು ನೀರು ಹಾಕಬೇಡಿ, ಎಣ್ಣೆ ಹರಡುತ್ತದೆ, ಹೊಟ್ಟೇ ಮೊದಲು. ಈಗ ಮಳೆಗಾಲದ ಟ್ರಿಪ್ಪಿಗೆ ಬ್ಯಾಗಿನಲ್ಲಿ ಸಿರಿಂಜು, ಒಂದು ಸಣ್ಣ ಬಾಟಲಿ ಗೇರ್ ಆಯಿಲ್, ಒಂದು ಬನಿಯನ್ ಇರುತ್ತದೆ. ಲಾಡ್ಜಿನಲ್ಲಿ ಊಟಕ್ಕೆ ಹೋಗುವ ಮುಂಚೆ ಹತ್ತು ನಿಮಿಷದ ಕೆಲಸ. ಕಲೆ ಪೂರ್ತಿ ಹೋಗಿಲ್ಲ. ಆಂಟಿ ರಂಗೋಲಿಯನ್ನು ಒಂದಡಿ ಆಚೆಗೆ ಹಾಕುತ್ತಿದ್ದಾರೆ.